ದುಡಿಯುವವರು ದೂರ, ಸಂಸಾರ ಊರಲ್ಲಿ: ಸೈನಿಕರ ಮನೆಯ ಹಣದ ಲೆಕ್ಕ



ನಮ್ಮ ಸಂಘಗಳಲ್ಲಿ ಸೈನಿಕರ ಹೆಂಡತಿಯರು, ತಾಯಂದಿರು, ಮಾಜಿ ಸೈನಿಕರ ಮನೆಯವರು ಇದ್ದಾರೆ. ಕೊಡಗು, ಬೆಳಗಾವಿ ಕಡೆಯ ಸಂಘಗಳಲ್ಲಂತೂ ಇಂಥ ಸದಸ್ಯೆಯರು ಹೆಚ್ಚು. "ಅವರಿಗೇನು ಬಿಡಿ, ಸರ್ಕಾರಿ ಸಂಬಳ, ಕ್ಯಾಂಟೀನು, ಪಿಂಚಣಿ ಎಲ್ಲಾ ಇದೆ" ಅಂತ ಉಳಿದವರು ಹೇಳುವುದುಂಟು. ಸಂಬಳ ಬರುವುದು ನಿಜ. ಆದರೆ ಅದು ಯಾವ ಬ್ಯಾಂಕಿಗೆ ಬರುತ್ತದೆ, ಅದರಲ್ಲಿ ಏನೇನು ಕಡಿತ ಆಗುತ್ತದೆ, ವಿಮೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ, "ಅದೆಲ್ಲ ಅವರಿಗೇ ಗೊತ್ತು ಸಿಸ್ಟರ್" ಎನ್ನುವ ಉತ್ತರ ಬರುತ್ತದೆ. ಅವರೋ ದೂರದ ಗಡಿಯಲ್ಲಿ. ಕೆಲವು ದಿನ ಫೋನೂ ಸಿಗುವುದಿಲ್ಲ.

ಹಣ ಬರುವ ದಾರಿ ಮತ್ತು ಅದರ ಕಾಗದಪತ್ರ ಮನೆಯಲ್ಲಿರುವ ಹೆಣ್ಣುಮಗಳಿಗೆ ಗೊತ್ತಿರಬೇಕು ಎಂಬುದೇ ಈ ಲೇಖನದ ಸಾರ. ಗಂಡ ಗಲ್ಫಿನಲ್ಲೋ, ಮುಂಬಯಿಯಲ್ಲೋ, ಬೆಂಗಳೂರಿನಲ್ಲೋ ದುಡಿಯುವ ಮನೆಗಳಿಗೂ ಇದರಲ್ಲಿ ಹೆಚ್ಚಿನ ಮಾತು ಅನ್ವಯಿಸುತ್ತದೆ.

1. ಮೊದಲು ನಿಮ್ಮ ಹೆಸರು ದಾಖಲಾಗಲಿ

ಹುಡುಗ ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಸೈನ್ಯಕ್ಕೆ ಸೇರುತ್ತಾನೆ. ಆಗ ವಿಮೆಗೂ ಭವಿಷ್ಯನಿಧಿಗೂ ತಾಯಿಯ ಅಥವಾ ತಂದೆಯ ಹೆಸರನ್ನು ನಾಮಿನಿಯಾಗಿ ಬರೆಸುತ್ತಾನೆ. ಅದು ಸರಿಯೇ. ಕೆಲವು ವರ್ಷಗಳ ಮೇಲೆ ಮದುವೆ ಆಗುತ್ತದೆ, ಮಕ್ಕಳಾಗುತ್ತವೆ. ಆದರೆ ಕಾಗದದಲ್ಲಿ ಹಳೆಯ ಹೆಸರೇ ಉಳಿದುಬಿಡುತ್ತದೆ. ಏನಾದರೂ ಅನಾಹುತ ಆದಾಗ ಅತ್ತೆ ಸೊಸೆ ಇಬ್ಬರೂ ದುಃಖದಲ್ಲಿರುವಾಗಲೇ ಹಣದ ಜಗಳ ಶುರುವಾಗುತ್ತದೆ.

ಮದುವೆಯಾದ ಕೂಡಲೇ ಸೈನಿಕ ತನ್ನ ಯೂನಿಟ್‌ಗೆ ಮದುವೆಯ ದಾಖಲೆ ಕೊಡಬೇಕು. ಯೂನಿಟ್‌ನವರು ಅದನ್ನು 'ಪಾರ್ಟ್ ಟೂ ಆರ್ಡರ್' ಎಂಬ ಆದೇಶದಲ್ಲಿ ಪ್ರಕಟಿಸುತ್ತಾರೆ. ಆಮೇಲೆ ರೆಕಾರ್ಡ್ ಆಫೀಸಿನ ಪುಸ್ತಕದಲ್ಲಿ ಹೆಂಡತಿಯ ಹೆಸರು ಸೇರುತ್ತದೆ. ಪ್ರತಿ ಮಗು ಹುಟ್ಟಿದಾಗಲೂ ಹೀಗೆಯೇ ಮಾಡಿಸಬೇಕು. ಕುಟುಂಬ ಪಿಂಚಣಿಗೆ ಈ ದಾಖಲೆಯೇ ಆಧಾರ. ನಿಮ್ಮ ಹೆಸರು, ಹುಟ್ಟಿದ ದಿನಾಂಕ ಆಧಾರ್ ಕಾರ್ಡಿನಲ್ಲಿ ಒಂದು ಥರ, ಸೈನ್ಯದ ದಾಖಲೆಯಲ್ಲಿ ಇನ್ನೊಂದು ಥರ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಭೂಸೇನೆಯವರಿಗೆ ಆರ್ಮಿ ಗ್ರೂಪ್ ಇನ್ಶೂರೆನ್ಸ್ ಎಂಬ ವಿಮೆ 1976ರಿಂದ ಇದೆ. ಜವಾನರಿಗೆ ಎ.ಎಫ್.ಪಿ.ಪಿ. ಫಂಡ್ ಎಂಬ ಭವಿಷ್ಯನಿಧಿಯೂ ಇದೆ. ಎರಡರಲ್ಲೂ ನಾಮಿನಿ ಯಾರು ಎಂದು ಯಜಮಾನರು ರಜೆಗೆ ಬಂದಾಗ ಕೇಳಿ. ಕೇಳುವುದು ಅಪಶಕುನ ಅಲ್ಲ. ಮನೆಗೆ ಬೀಗ ಹಾಕಿದರೆ ಕಳ್ಳ ಬರಲಿ ಅಂತ ಅರ್ಥವೇ?

2. ಬ್ಯಾಂಕ್ ಖಾತೆ

ಎಷ್ಟೋ ಮನೆಗಳಲ್ಲಿ ಗಂಡನ ಎ.ಟಿ.ಎಂ. ಕಾರ್ಡು ಹೆಂಡತಿಯ ಕೈಯಲ್ಲಿ, ಒ.ಟಿ.ಪಿ. ಬರುವ ಫೋನು ಗಂಡನ ಕೈಯಲ್ಲಿ. ಇದು ದಿನ ನೂಕುವ ದಾರಿ ಅಷ್ಟೇ. ಖಾತೆದಾರ ತೀರಿಕೊಂಡ ಮೇಲೆ ಆ ಕಾರ್ಡಿನಿಂದ ಹಣ ತೆಗೆಯುವುದು ತಪ್ಪಾಗುತ್ತದೆ. ಅದರ ಬದಲು ಗಂಡ ಹೆಂಡತಿ ಜಂಟಿ ಖಾತೆ ತೆರೆದು, 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂಬ ನಿಯಮ ಬರೆಸಿ. ಒಬ್ಬರು ಇಲ್ಲವಾದರೂ ಇನ್ನೊಬ್ಬರ ಕೈ ಕಟ್ಟುವುದಿಲ್ಲ.

ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಯಾರಿಗೆ ನೂರಕ್ಕೆ ಎಷ್ಟು ಎಂದೂ ಬರೆಸಬಹುದು. ಹೆಂಡತಿಗೂ ವಯಸ್ಸಾದ ತಾಯಿಗೂ ಪಾಲು ಬರೆಸಿದರೆ ಮನೆಯಲ್ಲಿ ಜಗಳಕ್ಕೆ ಎಡೆ ಕಡಿಮೆ. ಒಂದು ಮಾತು ನೆನಪಿಡಿ: ಬ್ಯಾಂಕಿನಲ್ಲಿ ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು. ವಾರಸುದಾರರ ಹಕ್ಕು ಕಾನೂನಿನ ಪ್ರಕಾರ ಹಾಗೆಯೇ ಇರುತ್ತದೆ.

3. ಕುಟುಂಬ ಪಿಂಚಣಿ ಎಷ್ಟು?

ಈ ವಿಷಯ ಮಾತಾಡುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ತಿಳಿದಿರಬೇಕು. ಪಿಂಚಣಿ ಇರುವ ಸೈನಿಕರ ವಿಷಯದಲ್ಲಿ ಮೂರು ಬಗೆ ಇದೆ.

- ಸೇವೆಯಲ್ಲಿದ್ದಾಗ ಸೇವೆಗೆ ಸಂಬಂಧವಿಲ್ಲದ ಕಾರಣದಿಂದ ತೀರಿಕೊಂಡರೆ ಸಾಮಾನ್ಯ ಕುಟುಂಬ ಪಿಂಚಣಿ. ಮೊದಲ 10 ವರ್ಷ ಕೊನೆಯ ವೇತನದ ನೂರಕ್ಕೆ 50, ಆಮೇಲೆ ನೂರಕ್ಕೆ 30.
- ಸೈನ್ಯದ ಸೇವೆಯೇ ಸಾವಿಗೆ ಕಾರಣ ಎಂದು ತೀರ್ಮಾನವಾದರೆ ವಿಶೇಷ ಕುಟುಂಬ ಪಿಂಚಣಿ, ನೂರಕ್ಕೆ 60.
- ಯುದ್ಧ ಅಥವಾ ಅಂಥ ಕಾರ್ಯಾಚರಣೆಯಲ್ಲಿ ಮಡಿದರೆ ಉದಾರ ಕುಟುಂಬ ಪಿಂಚಣಿ, ಕೊನೆಯ ವೇತನದಷ್ಟೇ ಪೂರ್ತಿ.

ಕಾರಣ ಯಾವುದು ಎಂದು ಬರೆಯುವ ಒಂದು ಸಾಲಿನ ಮೇಲೆ ನಿಮ್ಮ ಮುಂದಿನ ಬದುಕು ನಿಂತಿರುತ್ತದೆ. ಆದುದರಿಂದ ಇಂಥ ಹೊತ್ತಿನಲ್ಲಿ ಬರುವ ಪ್ರತಿಯೊಂದು ಪತ್ರವನ್ನೂ ಓದಿಸಿಕೊಳ್ಳಿ, ನಕಲು ಇಟ್ಟುಕೊಳ್ಳಿ. ಅರ್ಥವಾಗದೆ ಸಹಿ ಹಾಕಬೇಡಿ.

ರಕ್ಷಣಾ ಪಿಂಚಣಿ ಈಗ 'ಸ್ಪರ್ಶ್' ಎಂಬ ವ್ಯವಸ್ಥೆಯಲ್ಲಿ ನೇರವಾಗಿ ಖಾತೆಗೆ ಬರುತ್ತದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಇದನ್ನು ಮಾಡಿಸಬಹುದು.

4. ನಲವತ್ತಕ್ಕೆ ಮೊದಲೇ ನಿವೃತ್ತಿ

ಜವಾನರಿಗೆ 15 ವರ್ಷ ಸೇವೆಯಾದರೆ ಪಿಂಚಣಿ ಸಿಗುತ್ತದೆ. ಆದ್ದರಿಂದ ಅನೇಕರು ನಲವತ್ತು ದಾಟುವ ಮುಂಚೆಯೇ ಊರಿಗೆ ಬರುತ್ತಾರೆ. ಮಕ್ಕಳು ಆಗ ಶಾಲೆಯಲ್ಲಿರುತ್ತವೆ. ಪಿಂಚಣಿ ಸಂಬಳದ ಸುಮಾರು ಅರ್ಧ. ಗ್ರಾಚ್ಯುಟಿ, ಭವಿಷ್ಯನಿಧಿ ಎಲ್ಲ ಸೇರಿ ದೊಡ್ಡ ಮೊತ್ತ ಒಮ್ಮೆಲೇ ಕೈಗೆ ಬರುತ್ತದೆ. ಪಿಂಚಣಿಯ ಅರ್ಧದವರೆಗೆ ಮುಂಗಡವಾಗಿ ಒಟ್ಟಿಗೆ ಪಡೆಯುವ ಅವಕಾಶವೂ ಇದೆ. ಹಾಗೆ ಪಡೆದರೆ 15 ವರ್ಷ ಅಷ್ಟು ಭಾಗ ತಿಂಗಳ ಪಿಂಚಣಿಯಲ್ಲಿ ಕಡಿತವಾಗುತ್ತದೆ. ಮನೆಯವರು ಕೂತು ಮಾತಾಡಿದ ಮೇಲೆಯೇ ಅರ್ಜಿಗೆ ಸಹಿ ಹಾಕಲಿ.

ಹಣ ಬಂದ ಸುದ್ದಿ ಊರಿಗೆಲ್ಲ ಬೇಗ ಗೊತ್ತಾಗುತ್ತದೆ. ಸೈಟು ಮಾರುವವರು, ಚೀಟಿಯವರು, "ಮೂರು ವರ್ಷಕ್ಕೆ ಡಬಲ್" ಅನ್ನುವವರು ಬಾಗಿಲಿಗೆ ಬರುತ್ತಾರೆ. ಆರು ತಿಂಗಳು ಹಣವನ್ನು ಬ್ಯಾಂಕ್ ಠೇವಣಿಯಲ್ಲೇ ಇಡಿ. ಅಷ್ಟರಲ್ಲಿ ಯೋಚನೆ ತಿಳಿಯಾಗುತ್ತದೆ.

ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಈ ಮಿತಿ 2020ರ ಫೆಬ್ರುವರಿಯಿಂದ ಬಂತು. ಹೆಚ್ಚು ಹಣ ಇದ್ದರೆ ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿ ಇಡಿ. ಸಹಕಾರ ಬ್ಯಾಂಕುಗಳಿಗೂ ಈ ವಿಮೆ ಇದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಪತ್ತಿನ ಸಹಕಾರಿಗಳಿಗೆ ಇಲ್ಲ. ಅವರು ಅರ್ಧ ರೂಪಾಯಿ ಹೆಚ್ಚು ಬಡ್ಡಿ ಕೊಡುತ್ತಾರೆ ಎಂದು ಎಲ್ಲವನ್ನೂ ಅಲ್ಲೇ ಇಡಬೇಡಿ. ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯ ಕೆಳಗೆ ನೋಂದಣಿ ಆಗಿದೆಯೇ ನೋಡಿ.

5. ಮಗ ಅಗ್ನಿವೀರನಾಗಿದ್ದರೆ

2022ರಲ್ಲಿ ಅಗ್ನಿಪಥ್ ಯೋಜನೆ ಬಂತು. ಇದರ ಲೆಕ್ಕವೇ ಬೇರೆ. ಸೇವೆ ನಾಲ್ಕು ವರ್ಷ. ಯೋಜನೆ ಪ್ರಕಟವಾದಾಗ ತಿಳಿಸಿದಂತೆ ನೂರರಲ್ಲಿ 25 ಜನರವರೆಗೆ ಸೈನ್ಯದಲ್ಲಿ ಮುಂದುವರಿಯಬಹುದು, ಉಳಿದವರು ಮನೆಗೆ ಬರಬೇಕು. ಹಾಗೆ ಬಂದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ.

ಮೊದಲ ವರ್ಷ ತಿಂಗಳ ವೇತನ 30,000 ರೂಪಾಯಿ. ಅದರಲ್ಲಿ 9,000 ಸೇವಾನಿಧಿಗೆ ಹೋಗಿ 21,000 ಕೈಗೆ ಬರುತ್ತದೆ. ನಾಲ್ಕನೇ ವರ್ಷ ವೇತನ 40,000, ಕೈಗೆ ಬರುವುದು 28,000. ಸೇವಾನಿಧಿಗೆ ಅಷ್ಟೇ ಹಣವನ್ನು ಸರ್ಕಾರವೂ ಸೇರಿಸುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆ, ಅದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯ ಅವಧಿಗೆ 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಹುಡುಗ ಕಂತು ಕಟ್ಟಬೇಕಿಲ್ಲ.

ಹನ್ನೊಂದು ಲಕ್ಷ ಅಂದರೆ ದೊಡ್ಡ ಮೊತ್ತ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 10 ಲಕ್ಷ ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ನೂರಕ್ಕೆ 6 ರೂಪಾಯಿ ಬಡ್ಡಿ ಬಂದರೆ ವರ್ಷಕ್ಕೆ 60,000, ಅಂದರೆ ತಿಂಗಳಿಗೆ 5,000 ರೂಪಾಯಿ. ತಿಂಗಳಿಗೆ 28,000 ನೋಡಿದ ಮನೆಗೆ ಇದು ಎಲ್ಲಿ ಸಾಕು? ಆದ್ದರಿಂದ ಆ ಹಣ ನೋಡಿಕೊಂಡು ಈಗಲೇ ಮನೆ ಕಟ್ಟಲು, ಮದುವೆ ಮಾಡಲು ಸಾಲ ಎತ್ತಬೇಡಿ. ಹುಡುಗನ ಮುಂದಿನ ಓದಿಗೆ, ಕಸುಬಿಗೆ ಅದೇ ಬಂಡವಾಳ.

6. ಮೋಸದ ಫೋನು

"ನಿಮ್ಮ ಪಿಂಚಣಿ ನಿಂತುಹೋಗುತ್ತದೆ, ನಂಬರ್ ಹೇಳಿ" ಎಂದು ಫೋನ್ ಬರುತ್ತದೆ. ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡು ಹಿಂದಿಯಲ್ಲಿ ಜೋರು ಮಾಡುವವರೂ ಇದ್ದಾರೆ. ಯಾವ ಕಚೇರಿಯವರೂ ಫೋನಿನಲ್ಲಿ ಒ.ಟಿ.ಪಿ. ಕೇಳುವುದಿಲ್ಲ. ಹಣ ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ವಾಪಸು ಸಿಗುವುದು ಕಷ್ಟ.

7. ಎಲ್ಲ ಮನೆಗೂ ಬೇಕಾದದ್ದು

ಸೈನಿಕರ ಮನೆಗೆ ಸಂಬಳದ ಜೊತೆಗೇ ವಿಮೆ ಬರುತ್ತದೆ. ಕೂಲಿ ಮಾಡುವ, ಆಟೋ ಓಡಿಸುವ ಮನೆಗೆ ನಾವೇ ಮಾಡಿಕೊಳ್ಳಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೀವನಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ, ಯಾವ ಕಾರಣದಿಂದ ಸತ್ತರೂ 2 ಲಕ್ಷ. ಮೊದಲನೆಯದಕ್ಕೆ 18ರಿಂದ 70 ವರ್ಷದವರು, ಎರಡನೆಯದಕ್ಕೆ 18ರಿಂದ 50 ವರ್ಷದವರು ಸೇರಬಹುದು. ಹಣ ಮೇ ಕೊನೆಯಲ್ಲಿ ಖಾತೆಯಿಂದ ಕಡಿತವಾಗುತ್ತದೆ. ಆಗ ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಇದು ನಡೆಯುತ್ತಲೇ ಇರುತ್ತದೆ, ಯಾರೂ ಗಮನಿಸುವುದಿಲ್ಲ.

ಸಾಲದ ಬಡ್ಡಿಯನ್ನು ಯಾವಾಗಲೂ ವರ್ಷಕ್ಕೆ ಲೆಕ್ಕ ಹಾಕಿ. "ನೂರಕ್ಕೆ ಐದೇ ರೂಪಾಯಿ" ಅಂದರೆ ತಿಂಗಳಿಗೆ. ವರ್ಷಕ್ಕೆ ಅದು ನೂರಕ್ಕೆ ಅರವತ್ತು.

8. ಎಲ್ಲಿ ಕೇಳಬೇಕು?

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಸೈನಿಕರ, ಮಾಜಿ ಸೈನಿಕರ, ವಿಧವೆಯರ ಅರ್ಜಿಗಳಿಗೆ ನೆರವು ಸಿಗುತ್ತದೆ. ಮಾಜಿ ಸೈನಿಕರ ಮಕ್ಕಳು ವೃತ್ತಿ ಶಿಕ್ಷಣ ಓದುತ್ತಿದ್ದರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಬಗ್ಗೆ ಅಲ್ಲಿ ವಿಚಾರಿಸಿ.

ಮುಂದಿನ ವಾರದ ಸಭೆಗೆ ಪ್ರತಿ ಸದಸ್ಯೆಯೂ ಒಂದು ನೋಟ್‌ಬುಕ್ ತರಲಿ. ಅದರ ಮೊದಲ ಪುಟದಲ್ಲಿ ಮನೆಯ ಬ್ಯಾಂಕ್ ಖಾತೆಗಳು, ವಿಮೆಗಳು, ಪ್ರತಿಯೊಂದರ ನಾಮಿನಿ, ಸಾಲಗಳು ಇವನ್ನು ಬರೆಯಿರಿ. ಸೈನಿಕರ ಮನೆಯವರು ಆರ್ಮಿ ನಂಬರ್, ಯೂನಿಟ್, ರೆಕಾರ್ಡ್ ಆಫೀಸಿನ ವಿಳಾಸ, ಪಿಂಚಣಿ ಇದ್ದರೆ ಪಿ.ಪಿ.ಓ. ಸಂಖ್ಯೆ ಸೇರಿಸಲಿ. ಪಿನ್ ನಂಬರ್ ಮಾತ್ರ ಬರೆಯಬೇಡಿ. ಓದು ಬಾರದ ಸದಸ್ಯೆಯರಿಗೆ ಪಕ್ಕದವರು ಬರೆದುಕೊಡಲಿ. ಎಷ್ಟು ಸಾಲು ಖಾಲಿ ಉಳಿಯುತ್ತದೋ ಅಷ್ಟು ಪ್ರಶ್ನೆ ಯಜಮಾನರಿಗೆ, ಮಗನಿಗೆ ಕೇಳುವುದಕ್ಕಿದೆ ಎಂದು ಅರ್ಥ. ಈ ಸಲ ಅವರು ರಜೆಗೆ ಬಂದಾಗ ಒಂದು ಸಂಜೆ ಕೂತು ಅದನ್ನು ತುಂಬಿಸಿ.