ಪಾಲಾಗಿ ಬಂದ ಜೇನು

ಗೋಕಾಕ ಫಾಲ್ಸಿಗೆ ಬಂದವರು ಸಾಮಾನ್ಯವಾಗಿ ನೋಡಿ ಹೋಗುವುದು ಮೂರು ಸಂಗತಿಗಳನ್ನು: ಸುಮಾರು ೧೭೦ ಅಡಿ ಎತ್ತರದ ಬಂಡೆಯಿಂದ ಘಟಪ್ರಭೆ ಧುಮುಕುವ ಧಬಧಬೆ, ಅದರ ಸಮೀಪದ ತೂಗುಸೇತುವೆ, ಮತ್ತು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ನೀರಿನ ಬಲವನ್ನು ದುಡಿಸಿಕೊಂಡ ನೂಲಿನ ಗಿರಣಿ. ಮಳೆ ಹಿಂದಾಗಿ ಹೊಲದ ಬದುಗಳೂ ಗುಡ್ಡದ ಪೊದೆಗಳೂ ಹೂ ಬಿಟ್ಟ ದಿನಗಳಲ್ಲಿ, ಅದೃಷ್ಟವಿದ್ದವರಿಗೆ ಮತ್ತೊಂದು ನೋಟವೂ ಕಾಣಸಿಕ್ಕೀತು. ಹೊತ್ತು ಮಾರುದ್ದ ಏರಿದ ಸಮಯ. ಎಲ್ಲಿಂದಲೋ ಒಂದು ಝೇಂಕಾರ ಹತ್ತಿರವಾಗುತ್ತದೆ. ಸಾವಿರಾರು ಜೇನುಹುಳುಗಳ ಮೋಡವೊಂದು ಬೀದಿಯ ಮೇಲೆ ತೇಲಿಬಂದು ಹುಣಸೆಯ ಮರವನ್ನು ಸುತ್ತುತ್ತದೆ. ಕಾಲು ಗಂಟೆಯೊಳಗೆ ಆ ಮೋಡವೆಲ್ಲ ಕರಗಿ, ಒಂದು ಕೊಂಬೆಯಿಂದ ಕಂದುಬಣ್ಣದ ಗೊಂಚಲೊಂದು ಜೋತುಬೀಳುತ್ತದೆ.

ಇಂಥ ವೇಳೆಯಲ್ಲಿ ಜನರು ಎರಡು ಬಗೆಯಾಗುತ್ತಾರೆ. ಕೆಲವರು ಕಿಟಕಿ ಬಾಗಿಲು ಮುಚ್ಚುತ್ತಾರೆ. ಕೆಲವರು ಕೋಲಿಗೆ ಅರಿವೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಬೆಂಕಿ ಹಚ್ಚಿಕೊಂಡು ಬರುತ್ತಾರೆ. ಸುಟ್ಟರೆ ತುಪ್ಪ ಸಿಕ್ಕೀತೆಂಬ ಆಸೆ. ಆದರೆ ಆ ಗೊಂಚಲಿನಲ್ಲಿ ಎರಿಯಿಲ್ಲ, ಮರಿಯಿಲ್ಲ, ಹಿಂಡಿಕೊಳ್ಳಲು ತುಪ್ಪವೂ ಇಲ್ಲ. ಅದು ಮನೆ ಬಿಟ್ಟು ಬಂದು ದಾರಿಯಲ್ಲಿ ತಂಗಿರುವ ಒಂದು ಸಂಸಾರ, ಅಷ್ಟೆ. ಇನ್ನು ಕೆಲವು ತಾಸು, ಒಮ್ಮೊಮ್ಮೆ ಒಂದೆರಡು ದಿನ ಕಳೆದರೆ ಅದು ತಾನಾಗಿಯೇ ಹೊರಟುಹೋಗುವುದು. ಅಷ್ಟರೊಳಗೆ ಅದರ ಮನಸ್ಸಿಗೆ ಒಪ್ಪುವಂಥ ಮನೆಯೊಂದನ್ನು ನಾವು ಮುಂದಿಟ್ಟರೆ ಅದು ನಮ್ಮ ಹಿತ್ತಿಲಿನಲ್ಲಿಯೇ ನೆಲಸುವುದೂ ಉಂಟು. ಹಿಂಡು ಜೇನನ್ನು 'ಹಿಡಿಯುವುದು' ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಜೇನು ಸಾಕುವವರು ಈ ಹೊರಡುವಿಕೆಯನ್ನು 'ಪಾಲಾಗುವುದು' ಎನ್ನುತ್ತಾರೆ. ಬಹು ಸಾರ್ಥಕವಾದ ಪದ. ನಮ್ಮ ಅವಿಭಕ್ತ ಕುಟುಂಬಗಳು ಪಾಲಾದಾಗ ಹಿರಿಯರು ಹಳೆಯ ಮನೆಯಲ್ಲುಳಿದು ಕಿರಿಯರು ಹೊರಗೆ ಹೋಗುವುದು ವಾಡಿಕೆಯಷ್ಟೆ. ಜೇನಿನಲ್ಲಿ ಈ ಕ್ರಮ ತಿರುವುಮುರುವು. ಹೂವು ಸಮೃದ್ಧವಾಗಿ, ಮರಿಗಳು ಹೆಚ್ಚಿ, ಗೂಡು ಇಕ್ಕಟ್ಟಾದಾಗ ಕೆಲಸಗಾರ ಜೇನುಗಳು ಎರಿಯ ಅಂಚಿನಲ್ಲಿ ಹೊಸ ರಾಣಿಗಳಿಗಾಗಿ ದೊಡ್ಡ ಕಣಗಳನ್ನು ಕಟ್ಟುತ್ತವೆ. ಆ ಕಣಗಳ ಬಾಯಿ ಮುಚ್ಚುವ ಹೊತ್ತಿಗೆ ಮುದಿ ರಾಣಿಯು ಕುಟುಂಬದ ಅರ್ಧಕ್ಕೂ ಹೆಚ್ಚು ಜೇನುಗಳೊಡನೆ ಹೊರಬೀಳುತ್ತದೆ. ಕಟ್ಟಿದ ಮನೆ, ಕೂಡಿಟ್ಟ ತುಪ್ಪ, ತೊಟ್ಟಿಲ ಮರಿಗಳು, ಎಲ್ಲವೂ ಇನ್ನೂ ಕಣ್ಣು ತೆರೆಯದ ಮಗಳಿಗೆ! ರಾಣಿ ಮೊಟ್ಟೆಯಿಟ್ಟಂತೆಲ್ಲ ಹೆಚ್ಚುವುದು ಹುಳುಗಳ ಸಂಖ್ಯೆ ಮಾತ್ರ. ಒಂದು ಕುಟುಂಬ ಎರಡಾಗುವುದಕ್ಕೆ ಪ್ರಕೃತಿಯಲ್ಲಿ ಇರುವ ದಾರಿ ಇದೊಂದೇ.

ಹೊರಡುವ ಮುನ್ನ ಕೆಲಸಗಾರ ಜೇನುಗಳು ರಾಣಿಗೆ ಆಹಾರವನ್ನು ಕಡಿಮೆ ಮಾಡುತ್ತವೆ. ಮೊಟ್ಟೆಯ ಭಾರದಿಂದ ಬೀಗಿದ ರಾಣಿ ಹಾರಲಾರದು, ಅದು ಬಡಕಲಾಗಬೇಕು. ತಾವು ಮಾತ್ರ ಹೊಟ್ಟೆಯ ಚೀಲ ತುಂಬ ಜೇನು ಕುಡಿದುಕೊಳ್ಳುತ್ತವೆ. ಅದೇ ದಾರಿಯ ಬುತ್ತಿ. ಹೊಸ ಮನೆಯಲ್ಲಿ ಮೇಣ ಸ್ರವಿಸಲು ಬಂಡವಾಳವೂ ಅದೇ. ಕಾಯಬೇಕಾದ ಮನೆಯಿಲ್ಲ, ಹೊಟ್ಟೆಯೂ ತುಂಬಿದೆ. ಆದುದರಿಂದ ಪಾಲಾಗಿ ಬಂದ ಹಿಂಡು ಸೌಮ್ಯವಾಗಿರುತ್ತದೆ. ಆದರೆ ಹಸಿವು, ಇರುವೆ, ಶೆಕೆ ಅಥವಾ ರೋಗದ ಕಾಟ ತಾಳಲಾರದೆ ಕುಟುಂಬವೆಲ್ಲವೂ ಗೂಡು ತೊರೆದು ಬರುವುದೂ ಉಂಟು. ಅದು ಪಾಲಲ್ಲ, ಪರಾರಿ. ಅಂಥ ಹಿಂಡಿನಿಂದ ಅದೇ ಸಮಾಧಾನವನ್ನು ನಿರೀಕ್ಷಿಸಬಾರದು.

ಇನ್ನು ಅತಿ ಮುಖ್ಯವಾದ ಪ್ರಶ್ನೆ: ಕೊಂಬೆಯಲ್ಲಿರುವುದು ಯಾವ ಜೇನು? ಇದನ್ನು ತಿಳಿಯದೆ ಏಣಿ ಹತ್ತುವುದು ಪ್ರಾಣಕ್ಕೆ ಎರವಾಗಬಹುದು. ಬಂಡೆಯ ಚಾಚು, ಎತ್ತರದ ಮರ, ದೊಡ್ಡ ಕಟ್ಟಡಗಳ ಕಮಾನು, ನೀರಿನ ತೊಟ್ಟಿಯ ಅಡಿ, ಇಂತಹ ಕಡೆ ಬಯಲಿನಲ್ಲಿಯೇ ಒಂದೇ ದೊಡ್ಡ ಎರಿ ಕಟ್ಟುವುದು ಹೆಜ್ಜೇನು. ಹೂವಿನ ಕಾಲಕ್ಕೆ ಬಂದು, ಬರದ ಕಾಲಕ್ಕೆ ಬೇರೆ ಸೀಮೆಗೆ ವಲಸೆ ಹೋಗುವುದು ಅದರ ಸ್ವಭಾವ. ವಲಸೆಯ ದಾರಿಯಲ್ಲಿ ಅದೂ ಎರಿಯಿಲ್ಲದೆ ಮರಕ್ಕೆ ಜೋತುಬಿದ್ದು ತಂಗುತ್ತದೆ. ಅನುಭವವಿಲ್ಲದ ಕಣ್ಣಿಗೆ ಅದು ನಾವು ಬಯಸುವ ಹಿಂಡಿನಂತೆಯೇ ಕಾಣುವುದು. ಹುಳುವಿನ ಗಾತ್ರವನ್ನು ದೂರದಿಂದಲೇ ನೋಡಿರಿ. ಹೆಜ್ಜೇನು ಮುಕ್ಕಾಲು ಅಂಗುಲದಷ್ಟು ಉದ್ದ. ನಮ್ಮ ನಾಡಿನ ತುಡುವೆ ಜೇನು ಅರ್ಧ ಅಂಗುಲವನ್ನೂ ಮುಟ್ಟುವುದಿಲ್ಲ. ಗೊಂಚಲಿನ ಮೇಲ್ಮೈಯಲ್ಲಿ ಅಲೆಯೆದ್ದಂತೆ ಮಿನುಗು ಹರಿಯುತ್ತಿದ್ದರೆ ಅದು ಹೆಜ್ಜೇನಿನ ಎಚ್ಚರಿಕೆ. ಮಕ್ಕಳನ್ನೂ ದನಕರುಗಳನ್ನೂ ದೂರ ಸರಿಸಿ, ಅದನ್ನು ಅದರ ಪಾಡಿಗೆ ಬಿಡತಕ್ಕದ್ದು.

ಬೇಲಿಯ ಕಡ್ಡಿಗೆ ಅಂಗೈಯಷ್ಟು ಎರಿ ಕಟ್ಟುವ ಕೋಲುಜೇನು ಸಾಧುವೇ ಸರಿ. ಆದರೆ ಅದು ಬಯಲಿನ ವಾಸಿ, ಪೆಟ್ಟಿಗೆಯಲ್ಲಿಟ್ಟರೆ ನಿಲ್ಲದು. ಕತ್ತಲೆಯ ಪೊಟರೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆ, ಮತ್ತು ೧೯೬೦ರ ದಶಕದಲ್ಲಿ ಪಂಜಾಬಿನ ಕಡೆ ನೆಲೆಯೂರಿ ಅನಂತರ ದೇಶವೆಲ್ಲ ಹರಡಿದ ಯುರೋಪಿನ ಜೇನು, ಇವೆರಡು ಮಾತ್ರ ನಮ್ಮ ಪೆಟ್ಟಿಗೆಗೆ ಒಗ್ಗತಕ್ಕವು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬಯಲಿನಲ್ಲಿ ತುಡುವೆಯು ಮಲೆನಾಡಿನಷ್ಟು ಸುಲಭವಾಗಿ ಸಿಗುವಂಥದಲ್ಲ. ಹಳೆಯ ಮರ, ನೀರು, ನೆರಳು ಇರುವ ಕಡೆ ಅದನ್ನು ಹುಡುಕಬೇಕು. ಇಲ್ಲಿಯ ಹವ್ಯಾಸಿಗೆ ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕೆಂಬುದು ಇದರಿಂದಲೇ.

ಗೊಂಚಲು ಸುಮ್ಮನೆ ಜೋತುಬಿದ್ದಿದೆಯೆಂದು ನಮಗೆ ತೋರಿದರೂ ಅಲ್ಲಿ ಒಂದು ಪಂಚಾಯಿತಿ ನಡೆದಿರುತ್ತದೆ. ಇದನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾದುದು. ಜೇನಿನ ನೃತ್ಯಭಾಷೆಯನ್ನು ಬಿಡಿಸಿ, ೧೯೭೩ರಲ್ಲಿ ನೊಬೆಲ್ ಬಹುಮಾನ ಪಡೆದ ಕಾರ್ಲ್ ಫಾನ್ ಫ್ರಿಶ್ ಅವರ ಶಿಷ್ಯರು ಮಾರ್ಟಿನ್ ಲಿಂಡೌವರ್. ೧೯೪೯ರ ವಸಂತದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅವರು ಒಂದು ಹಿಂಡನ್ನು ನೋಡುತ್ತ ನಿಂತಿದ್ದಾಗ, ಗೊಂಚಲಿನ ಮೇಲೆ ಕೆಲವು ಜೇನುಗಳು ಕುಣಿಯುತ್ತಿದ್ದುದು ಕಂಡಿತು. ಹೂವಿನಿಂದ ಬಂದ ಜೇನಿನ ಮೈಮೇಲೆ ಪರಾಗವಿರಬೇಕು. ಇವುಗಳ ಮೈಗೆ ಹತ್ತಿದ್ದುದು ಮಸಿ, ಇಟ್ಟಿಗೆಯ ಪುಡಿ, ಹಿಟ್ಟು! ಯುದ್ಧದಲ್ಲಿ ಬಾಂಬು ಬಿದ್ದು ಹಾಳಾದ ನಗರದ ಹೊಗೆಗೂಡು, ಗೋಡೆಯ ಬಿರುಕುಗಳನ್ನೆಲ್ಲ ಹೊಕ್ಕು ಬಂದ ಅವು ಮನೆ ಹುಡುಕುವ ಬೇಹುಜೇನುಗಳೆಂದು ಲಿಂಡೌವರ್ ಊಹಿಸಿದರು. ಆರು ವರ್ಷಗಳ ತರುವಾಯ, ೧೯೫೫ರಲ್ಲಿ, ಅದನ್ನು ಪ್ರಮಾಣಸಹಿತವಾಗಿ ಪ್ರಕಟಿಸಿದರು.

ಬೇಹುಜೇನು ತಾನು ಕಂಡ ಪೊಟರೆಯ ದಿಕ್ಕನ್ನು ಕುಣಿತದ ಕೋನದಿಂದಲೂ, ದೂರವನ್ನು ಕುಣಿತದ ಅವಧಿಯಿಂದಲೂ ತಿಳಿಸುತ್ತದೆ. ಜಾಗ ಚೆನ್ನಾಗಿದ್ದಷ್ಟೂ ಕುಣಿತ ಹೆಚ್ಚು. ಅದನ್ನು ನೋಡಿ ಬರಲು ಹೋಗುವ ಜೇನುಗಳೂ ಹೆಚ್ಚು. ಮೊದಲು ಹತ್ತು ಜಾಗಗಳಿಗೆ ಹತ್ತು ಪಕ್ಷ. ಕ್ರಮೇಣ ಒಂದು ಪಕ್ಷ ಬಲಿಯುತ್ತದೆ. ಅಮೆರಿಕದ ಥಾಮಸ್ ಸೀಲಿ ಮತ್ತು ಅವರ ಸಂಗಡಿಗರು ೨೦೧೨ರಲ್ಲಿ ತೋರಿಸಿಕೊಟ್ಟಂತೆ, ಒಂದು ಪಕ್ಷದ ಜೇನು ಎದುರು ಪಕ್ಷದ ನರ್ತಕಿಗೆ ತಲೆಯಿಂದ ಡಿಕ್ಕಿ ಹೊಡೆದು 'ಸಾಕು ನಿಲ್ಲಿಸು' ಎಂಬಂತೆ ಸಣ್ಣ ಸದ್ದು ಮಾಡುವುದೂ ಉಂಟು. (ನಮ್ಮ ಸಭೆಗಳಿಗೆ ಇದು ಹೊಸದಲ್ಲ.) ರಾಣಿಗೆ ಇಲ್ಲಿ ಮಾತೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ತೀರ್ಮಾನವಾದೊಡನೆ ಎಲ್ಲ ಜೇನುಗಳೂ ಎದೆಯ ಸ್ನಾಯುಗಳನ್ನು ನಡುಗಿಸಿ ಮೈಯನ್ನು ೩೫ ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿಕೊಂಡು, ಒಮ್ಮೆಗೇ ಹಾರುತ್ತವೆ.

ಈ ಭಾಷೆಗೆ ಉಪಭಾಷೆಗಳೂ ಇವೆ. ಬೆಂಗಳೂರಿನಲ್ಲಿ ತುಡುವೆ, ಕೋಲುಜೇನು, ಹೆಜ್ಜೇನುಗಳನ್ನು ಒಂದೇ ಕಡೆ ಹೋಲಿಸಿ ೨೦೨೦ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಅಷ್ಟೇ ದೂರವನ್ನು ಹೇಳಲು ತುಡುವೆಯು ಹೆಜ್ಜೇನಿಗಿಂತ ಹೆಚ್ಚು ಹೊತ್ತು ಕುಣಿಯುತ್ತದೆ. ಹತ್ತಿರದಲ್ಲಿಯೇ ಮೇಯುವ ತುಡುವೆಗೆ ಸಣ್ಣ ಅಂತರವನ್ನೂ ಬಿಡಿಸಿ ಹೇಳುವ ಅಗತ್ಯವಿದೆ. ದೂರ ಹೋಗುವ ಹೆಜ್ಜೇನಿಗೆ ಸಂಕ್ಷೇಪವೇ ಲೇಸು.

ಬೇಹುಜೇನುಗಳ ಈ ಅನ್ವೇಷಣೆಯೇ ಹಿಂಡು ಹಿಡಿಯುವ ಎಲ್ಲಕ್ಕೂ ಸುಲಭವಾದ ಉಪಾಯಕ್ಕೆ ಆಧಾರ. ಕೊಡಗು, ದಕ್ಷಿಣ ಕನ್ನಡ, ಮಲೆನಾಡುಗಳ ರೈತರು ಈ ಶಾಸ್ತ್ರವೊಂದೂ ಹುಟ್ಟುವ ಮೊದಲೇ ಗಡಿಗೆಯ ಒಳಮೈಗೆ ಜೇನುಮೇಣ ಸವರಿ, ಬಾಯಿ ಮುಚ್ಚಿ, ಬೆರಳು ತೂರುವಷ್ಟು ತೂತು ಬಿಟ್ಟು ಮರದ ಕವಲಿನಲ್ಲಿ ಇಡುತ್ತಿದ್ದರು. ನೀವೂ ಹಾಗೆಯೇ ಮಾಡಬಹುದು. ಹೊಸ ಗಡಿಗೆಗಿಂತ ಹಳೆಯದು ಮೇಲು. ಬಣ್ಣದ ವಾಸನೆಯ ಪೆಟ್ಟಿಗೆ ಬೇಡ. ಮಧ್ಯಾಹ್ನದ ಬಿಸಿಲು ತಾಗದ, ಆಳೆತ್ತರಕ್ಕೆ ಮೀರಿದ ಜಾಗ ಒಳ್ಳೆಯದು. ಹಳೆಯ ಎರಿಯ ತುಂಡುಗಳನ್ನೇ ಒಳಗಿಟ್ಟರೆ ಮೇಣದ ಪತಂಗ ಮೊದಲು ಬಂದು ಮನೆ ಮಾಡಿಕೊಳ್ಳುವುದಾದ್ದರಿಂದ, ಮೇಣ ಸವರಿದರೆ ಸಾಕು. ತೂತಿನ ಬಳಿ ನಾಲ್ಕಾರು ಜೇನುಗಳು ಒಳಗೆ ಹೊರಗೆ ಆಡುತ್ತ, ಗೋಡೆಯನ್ನೆಲ್ಲ ಪರೀಕ್ಷಿಸುತ್ತಿದ್ದರೆ ಬೇಹುಗಾರರು ಬಂದರೆಂದು ತಿಳಿಯಿರಿ. ಆಗ ಅದನ್ನು ಮುಟ್ಟದೆ ಇರುವುದೇ ಜಾಣತನ.

ಕೊಂಬೆಗೆ ಬಂದಿಳಿದ ತುಡುವೆಯನ್ನೇ ಹಿಡಿಯಬೇಕಾದರೆ, ಈ ಕೆಲಸ ಬಲ್ಲ ಹಿರಿಯರೊಬ್ಬರು ಜೊತೆಗಿರಬೇಕು. ತಿಳಿಬಣ್ಣದ ತುಂಬುತೋಳಿನ ಅಂಗಿ, ಮುಖಕ್ಕೆ ಬಲೆಯ ಮುಸುಕು ಬೇಕು. ಮೈಗೆ ಸುಗಂಧ ಬೇಡ. ವಿದ್ಯುತ್ ತಂತಿಯ ಸಮೀಪದ ಕೊಂಬೆಯಾದರೆ ಆಸೆಯನ್ನೇ ಬಿಡಿರಿ. ಗೊಂಚಲಿನ ಮೇಲೆ ಮಂಜಿನಂತೆ ಸ್ವಲ್ಪ ನೀರು ಚಿಮುಕಿಸಿದರೆ ಹುಳುಗಳು ಒತ್ತಾಗಿ ಕೂಡುತ್ತವೆ. ಒಳಗೆ ಮೇಣ ಸವರಿದ ಬಿದಿರಿನ ಬುಟ್ಟಿಯೊಂದನ್ನು ಬೋರಲಾಗಿ ಗೊಂಚಲಿನ ಮೇಲಕ್ಕೆ ತಾಗಿಸಿ ಹಿಡಿದು, ಕೆಳಗಿನಿಂದ ಎಲೆಯ ಟೊಂಗೆಯಿಂದ ಮೃದುವಾಗಿ ಸವರಬೇಕು. ಮೇಲಕ್ಕೂ ಕತ್ತಲೆಗೂ ಏರುವುದು ಜೇನಿನ ಗುಣ. ರಾಣಿ ಒಳಗೆ ಸೇರಿತೋ ಇಲ್ಲವೋ ಎಂದು ಹುಡುಕಬೇಕಾಗಿಲ್ಲ. ಸೇರಿದ್ದರೆ ಬುಟ್ಟಿಯ ಅಂಚಿನಲ್ಲಿ ಕೆಲವು ಜೇನುಗಳು ಹಿಂಭಾಗವನ್ನು ಎತ್ತಿ, ರೆಕ್ಕೆ ಬೀಸಿ, ಪರಿಮಳ ಹರಡಿ ಉಳಿದವರನ್ನು ಕರೆಯುತ್ತವೆ. ಯುರೋಪಿನ ಜೇನಿನ ಈ ಪರಿಮಳದಲ್ಲಿ ಮಜ್ಜಿಗೆಹುಲ್ಲಿನ ವಾಸನೆಗೆ ಕಾರಣವಾದ ಸಿಟ್ರಾಲ್ ಎಂಬ ದ್ರವ್ಯವೇ ಇದೆ. ಸೇರದಿದ್ದರೆ ಹುಳುಗಳೆಲ್ಲ ಒಂದೊಂದಾಗಿ ಕೊಂಬೆಗೇ ಮರಳುತ್ತವೆ.

ಒಂದು ಜೇನು ಕಚ್ಚಿತೆನ್ನಿ. ಮುಳ್ಳನ್ನು ಉಗುರಿನಿಂದ ಕೂಡಲೆ ತೆಗೆಯಿರಿ. ಹೇಗೆ ತೆಗೆದಿರೆಂಬುದಕ್ಕಿಂತ ಎಷ್ಟು ಬೇಗ ತೆಗೆದಿರೆಂಬುದು ಮುಖ್ಯ. ಆ ಮುಳ್ಳಿನ ಬಳಿಯಿಂದ ಬಾಳೆಯ ಹಣ್ಣಿನ ವಾಸನೆ ಬರುತ್ತದೆ. ಅದು ಐಸೊಪೆಂಟೈಲ್ ಅಸಿಟೇಟ್. ಕಾಲೇಜಿನ ಪ್ರಯೋಗಶಾಲೆಯಲ್ಲಿ ಎಸ್ಟರುಗಳ ಪಾಠಕ್ಕೆ ತಯಾರಿಸುವ ವಸ್ತುವೇ. ಜೇನಿಗೆ ಅದು ಯುದ್ಧದ ಕಹಳೆ. ಆದ್ದರಿಂದ ಕಚ್ಚಿಸಿಕೊಂಡವರು ಅಲ್ಲಿಂದ ಸರಿಯಬೇಕು. ಉಸಿರು ಕಟ್ಟುವುದು, ಮೈಯೆಲ್ಲ ದದ್ದು ಏಳುವುದು, ತಲೆ ಸುತ್ತುವುದು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಬುಟ್ಟಿಯನ್ನು ಸಂಜೆಯವರೆಗೆ ನೆರಳಿನಲ್ಲಿ ಅಲ್ಲಿಯೇ ಬಿಟ್ಟು, ಬೇಹಿಗೆ ಹೋದವು ಮರಳಿದ ಮೇಲೆ ಪೆಟ್ಟಿಗೆಗೆ ಸಾಗಿಸಿರಿ. ಮರುದಿನಕ್ಕೆ ಉಳಿಸಿದರೆ ಪಂಚಾಯಿತಿಯ ತೀರ್ಮಾನ ಬೇರೆ ಕಡೆ ಆಗಿಹೋಗಬಹುದು. ಪೆಟ್ಟಿಗೆಯ ಚೌಕಟ್ಟುಗಳ ನಡುವಿನ ಅಂತರದ ಗುಟ್ಟನ್ನು ಅಮೆರಿಕದ ಲಾಂಗ್‌ಸ್ಟ್ರಾತ್ ೧೮೫೧ರಲ್ಲಿ ಕಂಡುಕೊಂಡರು. ಅದನ್ನು ನಮ್ಮ ಸಣ್ಣ ಜೇನಿಗೆ ಹೊಂದಿಸಿ ತಿರುಚಿರಾಪಳ್ಳಿಯ ಕಡೆಯ ಹಳ್ಳಿಗರಿಗೆ ೧೯೧೧ರಿಂದ ೧೯೧೭ರವರೆಗೆ ಕಲಿಸಿದವರು ಫಾದರ್ ನ್ಯೂಟನ್. ದಕ್ಷಿಣದ ತುಡುವೆಗೆ ಅವರ ಹೆಸರಿನ ಪೆಟ್ಟಿಗೆಯೇ ಅಳತೆಗೆ ತಕ್ಕದ್ದು.

ತಂದುಹಾಕುವುದು ಸುಲಭ, ನಿಲ್ಲಿಸುವುದು ಕಷ್ಟ. ತುಡುವೆಯಷ್ಟು ಬೇಗ ಪೆಟ್ಟಿಗೆ ಬಿಟ್ಟು ಹೋಗುವ ಜೇನು ವಿರಳ. ಬೇರೆ ಆರೋಗ್ಯವಂತ ಕುಟುಂಬದಿಂದ ಎಳೆಯ ಮರಿಗಳಿರುವ ಒಂದು ಎರಿಯನ್ನು ತಂದಿಟ್ಟರೆ, ತೊಟ್ಟಿಲ ಮೋಹ ಅವುಗಳನ್ನು ಕಟ್ಟಿಹಾಕುತ್ತದೆ. ಸಮಭಾಗ ಸಕ್ಕರೆ ನೀರು ಕೂಡಿಸಿದ ಪಾಕವನ್ನು ಕೆಲವು ರಾತ್ರಿ ಕೊಡಿರಿ. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿದರೆ ಇರುವೆ ಹತ್ತದು. ಬಯಲುಸೀಮೆಯ ಬೇಸಿಗೆಯಲ್ಲಿ ನೆರಳೂ ಸಮೀಪದಲ್ಲಿ ನೀರೂ ಇಲ್ಲದಿದ್ದರೆ ಉಳಿದ ಉಪಚಾರವೆಲ್ಲ ವ್ಯರ್ಥ. ರಾಣಿ ಹೊರಹೋಗದಂತೆ ಬಾಗಿಲಿಗೆ ಜಾಲರಿ ಹಾಕುವವರಿದ್ದಾರೆ. ಮೊದಲ ಪಾಲಿನ ಮುದಿ ರಾಣಿಗೆ ಎರಡು ಮೂರು ದಿನ ಇದು ಸಲ್ಲುತ್ತದೆ. ಆದರೆ ಅನಂತರ ಬರುವ ಸಣ್ಣ ಪಾಲುಗಳಲ್ಲಿ ರಾಣಿ ಇನ್ನೂ ಕನ್ಯೆ. ಅದು ಗಂಡುಜೇನುಗಳನ್ನು ಕೂಡಲು ಹೊರಗೆ ಹಾರಲೇಬೇಕು. ಅದನ್ನು ಕೂಡಿಹಾಕಿದರೆ ಕುಟುಂಬದ ವಂಶವೇ ಮುರಿಯುವುದು.

ಇಷ್ಟು ಶ್ರಮ ಒಂದು ಬುಟ್ಟಿ ಹುಳುವಿಗೇಕೆ ಎನ್ನುವವರು ೧೯೯೧-೯೨ರ ಸಂಗತಿಯನ್ನು ಕೇಳಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗೆ ತಗಲಿತು. ಮರಿಗಳು ಕೋಶಾವಸ್ಥೆಗೆ ಹೋಗುವ ಮೊದಲೇ ನೀರು ತುಂಬಿದ ಚೀಲಗಳಂತಾಗಿ ಸತ್ತವು. ಹತ್ತರಲ್ಲಿ ಒಂಬತ್ತು ಪೆಟ್ಟಿಗೆಗಳು ಬರಿದಾದ ಊರುಗಳಿದ್ದವು. ೧೯೩೬ರಷ್ಟು ಹಿಂದೆಯೇ ಜೇನು ಸಾಕುವವರ ಸಹಕಾರ ಸಂಘ ಕಟ್ಟಿದ ಕೊಡಗಿಗೂ ಈ ಪೆಟ್ಟು ತಪ್ಪಲಿಲ್ಲ. ರೋಗವನ್ನು ತಾಳಿ ಉಳಿದ ಕುಟುಂಬಗಳು ಪಾಲಾಗುತ್ತ ಹೋದುದರಿಂದಲೇ ತುಡುವೆ ಮತ್ತೆ ಚೇತರಿಸಿಕೊಂಡಿತು. ಸೀಮೆಎಣ್ಣೆಯ ಪಂಜಿಗೆ ಆಹುತಿಯಾಗುವ ಗೊಂಚಲು ಅಂಥದೇ ಒಂದು ಕುಟುಂಬವಾಗಿರಬಹುದು. ಇದೇ ಕಾರಣದಿಂದ, ಹೊಸದಾಗಿ ಹಿಡಿದ ಹಿಂಡನ್ನು ಹಳೆಯ ಪೆಟ್ಟಿಗೆಗಳಿಂದ ಕೆಲವು ವಾರ ದೂರವಿಟ್ಟು, ಅದರ ಮೊದಲ ಮರಿಗಳು ಆರೋಗ್ಯವಾಗಿವೆಯೇ ಎಂದು ನೋಡಿಕೊಳ್ಳಬೇಕು.

ಮೊದಲ ವಾರ ಮುಚ್ಚಳ ತೆಗೆಯುವ ಕುತೂಹಲವನ್ನು ತಡೆಯಿರಿ. ಒಳಗೇನು ನಡೆದಿದೆಯೆಂಬುದನ್ನು ಬಾಗಿಲಿನಲ್ಲಿಯೇ ಓದಬಹುದು. ಬೆಳಗಿನ ಹೊತ್ತು ಎರಡು ಮಾರು ದೂರದಲ್ಲಿ, ಅವುಗಳ ಹಾದಿಗೆ ಅಡ್ಡವಾಗದಂತೆ ಪಕ್ಕದಲ್ಲಿ ಕುಳಿತು, ಮರಳಿ ಬರುವ ಜೇನುಗಳ ಹಿಂಗಾಲುಗಳನ್ನು ನೋಡಿರಿ. ಬರಿಗಾಲಿನಲ್ಲಿ ಬಂದು ಹೋಗುತ್ತಿದ್ದರೆ ಅವು ಇನ್ನೂ ಮನಸ್ಸು ಮಾಡಿಲ್ಲ. ಹಿಂಗಾಲಿಗೆ ಹಳದಿಯ ಪರಾಗದ ಉಂಡೆ ಕಟ್ಟಿಕೊಂಡು ಒಂದರ ಹಿಂದೊಂದು ಒಳಗೆ ನುಗ್ಗುತ್ತಿದ್ದರೆ, ಒಳಗೆ ಎರಿ ಬೆಳೆಯುತ್ತಿದೆ, ರಾಣಿ ಮೊಟ್ಟೆಯಿಡುತ್ತಿದೆ, ಉಣಿಸಬೇಕಾದ ಮರಿಗಳಿವೆ.