ತೂಕಕ್ಕೆ ಹಾಕುವ ಮುನ್ನ ತಂಬಿಗೆಯ ಹೆಸರು ಓದಿ

ಹೈದರಾಬಾದಿನ ಸುಲ್ತಾನ್ ಬಜಾರಿಗೆ ಜನ ಹೋಗುವುದು ಸೀರೆ, ಬಳೆ, ಲೇಸು, ಗುಂಡಿಗಳಿಗಾಗಿ. 2020ರ ಫೆಬ್ರುವರಿಯಿಂದ ಬಜಾರಿನ ನೆತ್ತಿಯ ಮೇಲೆ ಮೆಟ್ರೊ ಓಡುತ್ತಿದೆ. ಈ ಹಳೆಯ ಪೇಟೆಯ ನಡುವೆ ಮಾರ್ಗ ಬೇಡವೆಂದು ವರ್ತಕರು ವರ್ಷಗಟ್ಟಲೆ ಹೋರಾಡಿದ್ದರು. ಈಗ ಅದೇ ಕಂಬಗಳ ನೆರಳಲ್ಲಿ ವ್ಯಾಪಾರ ನಡೆಯುತ್ತದೆ. ಇಲ್ಲಿಂದ ಬೇಗಂ ಬಜಾರಿನ ಕಡೆ ಹೋದರೆ ಪಾತ್ರೆ ಅಂಗಡಿಗಳ ಸಾಲು ಸಿಗುತ್ತದೆ. ಹೊಸ ಸ್ಟೀಲ್ ಡಬ್ಬಿ, ಕುಕ್ಕರ್ ಕೊಳ್ಳಲು ಬಂದವರು ಮನೆಯ ಹಳೆಯ ಹಿತ್ತಾಳೆ, ತಾಮ್ರವನ್ನು ಚೀಲದಲ್ಲಿ ತಂದು ತೂಕಕ್ಕೆ ಹಾಕುತ್ತಾರೆ. ತಕ್ಕಡಿಗೆ ಗೊತ್ತಿರುವುದು ಲೋಹ ಯಾವುದು, ಎಷ್ಟು ಕಿಲೊ ಎಂಬುದಷ್ಟೇ. ಕೆಟ್ಟುಹೋದ ನಲ್ಲಿಗೂ ಅಜ್ಜಿ ತವರಿನಿಂದ ತಂದ ತಂಬಿಗೆಗೂ ಅಲ್ಲಿ ಒಂದೇ ದರ.

ಕೆಲಸಕ್ಕೆಂದು ಈ ನಗರಕ್ಕೆ ಬಂದ ಕನ್ನಡಿಗರು ಇದನ್ನು ಸುಮ್ಮನೆ ನೋಡಿ ಮುಂದೆ ಹೋಗುವಂತಿಲ್ಲ. ಆ ಚೀಲಗಳಲ್ಲಿ ಇರುವುದು ಬಹುಪಾಲು ನಮ್ಮದೇ ಸೀಮೆಯ ಸಾಮಾನು ಆಗಿರಬಹುದು. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿನವರಿಗೆ ರಾಜಧಾನಿ ಎಂದರೆ ಇದೇ ಊರು. ಕೋರ್ಟು ಕಚೇರಿಗೆ, ನೌಕರಿಗೆ, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಓದಿಗೆ ಎಂದು ಬಂದವರು ಇಲ್ಲೇ ಮನೆ ಹೂಡಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಅವರು ಬಿಟ್ಟುಹೋದ ಗುರುತುಗಳು. ಎಲ್ಲರಿಗೂ ಕಾಣುವ ಗುರುತುಗಳು ಇವು. ಕಾಣದ ಗುರುತುಗಳು ಮನೆಯ ಅಟ್ಟದ ಮೇಲೆ, ಮಂಚದ ಕೆಳಗಿನ ಟ್ರಂಕಿನಲ್ಲಿ ಇವೆ. ನೀರು ಕಾಯಿಸುವ ಹಂಡೆ, ಊಟದ ಗಂಗಾಳ, ಎಲೆ ಅಡಿಕೆಯ ಡಬ್ಬಿ, ಅಡಕತ್ತರಿ, ಶ್ಯಾವಿಗೆ ಒತ್ತುವ ಮಣೆ, ಕಂದೀಲು, ಹಳೆ ಸೀರೆಯ ಚೂರುಗಳಿಂದ ಹೊಲಿದ ಕೌದಿ, ಸೇರು ಪಾವಿನ ಅಳತೆಗಳು. ಕಿಲೊ ಲೀಟರುಗಳ ಲೆಕ್ಕ 1958ರಿಂದ ಹಂತ ಹಂತವಾಗಿ ಜಾರಿಗೆ ಬಂದಾಗ ಸೇರು ಪಾವುಗಳು ಅಂಗಡಿಯಿಂದ ಹೊರಬಿದ್ದವು. ಮನೆಯ ಅಕ್ಕಿ ಡಬ್ಬಿಯೊಳಗೆ ಮಾತ್ರ ಇನ್ನೂ ಎಷ್ಟೋ ಕಾಲ ಉಳಿದವು.

ಸುಲ್ತಾನ್ ಬಜಾರಿಗೂ ಇಂಥದೇ ಬೆರಕೆಯ ಚರಿತ್ರೆಯಿದೆ. ಪಕ್ಕದ ಕೋಠಿಯಲ್ಲಿ 19ನೇ ಶತಮಾನದ ಆರಂಭದಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿ ಇದೆ. ಅದರ ಸುತ್ತ ಬೆಳೆದದ್ದು ರೆಸಿಡೆನ್ಸಿ ಬಜಾರ್. 1933ರಲ್ಲಿ ಅದು ನಿಜಾಮರ ಆಡಳಿತಕ್ಕೆ ಮರಳಿದಾಗ ಸುಲ್ತಾನ್ ಬಜಾರ್ ಆಯಿತು. ರೆಸಿಡೆನ್ಸಿಯ ಆವರಣದಲ್ಲಿ ಆ ಬಂಗಲೆಯದೇ ಪುಟ್ಟ ಮಾದರಿಯೊಂದಿದೆ. ಪರದೆಯಲ್ಲಿದ್ದ ಹೆಂಡತಿ ಖೈರುನ್ನಿಸಾಗೆ ಮುಂಭಾಗ ಹೇಗಿದೆ ಎಂದು ತೋರಿಸಲು ಕರ್ಕ್‌ಪ್ಯಾಟ್ರಿಕ್ ಅದನ್ನು ಮಾಡಿಸಿದ ಎಂದು ಜನ ಹೇಳುತ್ತಾರೆ. ದೊಡ್ಡ ಬಂಗಲೆಯನ್ನು ನೋಡಿ ಬಂದವರು ಮನೆಗೆ ಹೋಗಿ ಹೇಳುವುದು ಮಾತ್ರ ಆ ಪುಟ್ಟ ಮನೆಯ ಕಥೆಯನ್ನು. ವಸ್ತುವಿನ ಹಿಂದೆ ಮನುಷ್ಯರಿದ್ದರೆ ಅದು ನೆನಪಿನಲ್ಲಿ ಉಳಿಯುತ್ತದೆ.

ಸಂಗ್ರಹ ಎಂದಕೂಡಲೇ ಹೈದರಾಬಾದಿನಲ್ಲಿ ಬಾಯಿಗೆ ಬರುವ ಹೆಸರು ಸಾಲಾರ್ ಜಂಗ್. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ 1949ರಲ್ಲಿ ತೀರಿಕೊಂಡರು. ಮದುವೆಯಾಗಿರಲಿಲ್ಲ. ಅವರು ಕೂಡಿಟ್ಟದ್ದೆಲ್ಲ 1951ರ ಡಿಸೆಂಬರ್ 16ರಂದು ಸಾರ್ವಜನಿಕ ವಸ್ತುಸಂಗ್ರಹಾಲಯವಾಯಿತು. ನೆಹರೂ ಉದ್ಘಾಟಿಸಿದರು. ಆದರೆ ಅದು ದಿವಾನರ ಮನೆತನದ ಸಂಗ್ರಹ. ತಿಂಗಳ ಸಂಬಳದವರಿಗೆ ಹತ್ತಿರವಾಗುವ ಉದಾಹರಣೆಗಳು ಬೇರೆ ಇವೆ.

ಪುಣೆಯ ದಿನಕರ ಕೇಳ್ಕರ್ ಅವರದು ಕನ್ನಡಕದ ವ್ಯಾಪಾರದ ಮನೆತನ. ಅವರು ಕೂಡಿಸಿದ್ದು ದೀಪ, ಅಡಕತ್ತರಿ, ಅಡುಗೆಮನೆಯ ಪಾತ್ರೆ, ಬಾಗಿಲು, ಆಟಿಕೆಗಳನ್ನು. ಚಿಕ್ಕ ವಯಸ್ಸಿನಲ್ಲೇ ತೀರಿಹೋದ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟರು. ಕೊನೆಗೆ ಸಾವಿರಾರು ವಸ್ತುಗಳನ್ನು ಸರ್ಕಾರಕ್ಕೆ ಒಪ್ಪಿಸಿದರು. ನಮ್ಮ ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ಉದ್ಯೋಗಿ. ಹಳೆಯ ಮನೆಗಳನ್ನು ಕೆಡವಿ ಮರವನ್ನು ಮಾರುವುದು ಕಂಡು, ಮೊದಲು ಅಂಥ ಮರಗಳಿಂದ ತಮ್ಮ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸುವ ಪಾರಂಪರಿಕ ಗ್ರಾಮ ಮಾಡಿದರು. ಅಲ್ಲಿ ಬೀದರ್ ಜಿಲ್ಲೆಯ ಹುಮನಾಬಾದಿನ ದಖನಿ ನವಾಬ್ ಮಹಲ್ ಕೂಡ ಇದೆ. ನಿಜಾಮರ ಸೀಮೆಯ ಒಂದು ಮನೆ ಉಳಿದುಕೊಂಡದ್ದು ಕರಾವಳಿಯ ಬ್ಯಾಂಕ್ ನೌಕರನೊಬ್ಬನ ಹಟದಿಂದ.

ಇವರಿಬ್ಬರೂ ದುಬಾರಿ ವಸ್ತುಗಳ ಹಿಂದೆ ಬೀಳಲಿಲ್ಲ. ಬಳಸಿ ಸವೆದದ್ದನ್ನು, ಇನ್ನು ಬೇಡವೆಂದು ಹೊರಗೆ ಇಟ್ಟದ್ದನ್ನು ಎತ್ತಿಕೊಂಡರು. ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಇರುವವರೂ ಅಷ್ಟರಮಟ್ಟಿಗೆ ಇವರನ್ನು ಅನುಸರಿಸಬಹುದು.

ಮೊದಲ ಕೆಲಸ ಮನೆಯಲ್ಲಿ ಇರುವುದನ್ನು ಓದುವುದು. ಓದುವುದು ಎಂದು ಬೇಕೆಂದೇ ಬರೆದಿದ್ದೇನೆ. ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೊರೆಸುವ ರೂಢಿ. ಚುಕ್ಕೆ ಚುಕ್ಕೆಯಾಗಿ ಉಳಿಯಿಂದ ಹೊಡೆದ ಅಕ್ಷರ, ಊರು, ಕೆಲವೊಮ್ಮೆ ಮದುವೆಯ ತಾರೀಖು, ಉಡುಗೊರೆ ಕೊಟ್ಟವರ ಹೆಸರು. ಹಿಂದಿನ ತಲೆಮಾರಿನ ಹೆಣ್ಣುಮಕ್ಕಳ ಹೆಸರಿನಲ್ಲಿ ಹೊಲ ಇರಲಿಲ್ಲ, ಮನೆ ಇರಲಿಲ್ಲ, ಬ್ಯಾಂಕಿನ ಪಾಸ್‌ಬುಕ್ ಇರಲಿಲ್ಲ. ಹೆಸರು ಇದ್ದದ್ದು ತವರಿನವರು ಕೊಟ್ಟ ಕೊಡದ ಕಂಠದ ಮೇಲೆ, ತಂಬಿಗೆಯ ಹೊಟ್ಟೆಯ ಮೇಲೆ. ಎಷ್ಟೋ ಮನೆಗಳಲ್ಲಿ ಮುತ್ತಜ್ಜಿಯ ಹೆಸರು ಬರವಣಿಗೆಯಲ್ಲಿ ಉಳಿದಿರುವುದು ಅಲ್ಲಿ ಮಾತ್ರ. ಆ ತಂಬಿಗೆ ಕುಲುಮೆಗೆ ಹೋದರೆ ಕರಗುವುದು ಅರ್ಧ ಕಿಲೊ ಹಿತ್ತಾಳೆಯಷ್ಟೇ ಅಲ್ಲ.

ಎರಡನೆಯದು, ಲೋಹದ ಗುರುತು. ತಾಮ್ರಕ್ಕೆ ಸತುವು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಕಂಚಿನ ಬಟ್ಟಲನ್ನು ಬೆರಳಿನಿಂದ ತಟ್ಟಿದರೆ ನಾದ ಉಳಿಯುತ್ತದೆ, ಕೆಳಗೆ ಬಿದ್ದರೆ ಬಿರುಕು ಬಿಡುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಬೇಯಿಸಬೇಕಾದರೆ ಒಳಗೆ ತವರದ ಕಲಾಯಿ ಇರಲೇಬೇಕು. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಸವರಿ ಬಟ್ಟೆಯಿಂದ ಒರೆಸುವ ಕಲಾಯಿಯವರು ಬೀದಿಗೆ ಬರುವುದು ಅಪರೂಪವಾದದ್ದೂ, ಮನೆಯ ಹಿತ್ತಾಳೆ ಅಟ್ಟ ಸೇರಿದ್ದೂ ಹೆಚ್ಚುಕಡಿಮೆ ಒಟ್ಟೊಟ್ಟಿಗೆ. ಕಲಾಯಿ ಇಲ್ಲದ ಪಾತ್ರೆಯನ್ನು ನೋಡಲು ಇಡಿ, ಅಡುಗೆಗೆ ಬೇಡ.

ಅದೇ ನವಸಾಗರ ಇನ್ನೊಂದು ಕೆಲಸದಲ್ಲೂ ಬೇಕು. ಅದು ನಮ್ಮ ಬೀದರಿನ ಹೆಸರನ್ನೇ ಹೊತ್ತ ಬಿದರಿ. ಹೈದರಾಬಾದಿನ ಹಳೆಯ ಮನೆಗಳಲ್ಲಿ ಬಿದರಿಯ ಪಾನದಾನಿ, ಹೂದಾನಿ, ಹುಕ್ಕಾದ ಬುಡ ಕಾಣಸಿಗುತ್ತವೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬಹುಪಾಲು ಸತುವು, ಅದಕ್ಕೆ ಸುಮಾರು ಹದಿನಾರನೇ ಒಂದು ಪಾಲು ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ನಯಗೊಳಿಸಿದ ಮೈಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಉಳಿಯಿಂದ ಚಿತ್ತಾರ ಕೊರೆಯುತ್ತಾರೆ. ಗೀರುಗಳಲ್ಲಿ ಬೆಳ್ಳಿಯ ತಂತಿ, ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕೆಲಸಕ್ಕೆ.

ಮನೆಯಲ್ಲಿ ಬಿದರಿ ಇದ್ದವರು ಒಂದು ಮಾತು ನೆನಪಿಡಬೇಕು. ದೀಪಾವಳಿಯ ತೊಳೆಯುವ ಭರಾಟೆಯಲ್ಲಿ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಬಾರದು, ಹಿತ್ತಾಳೆಯ ಪಾಲಿಶನ್ನೂ ಹಚ್ಚಬಾರದು. ಆ ಕಪ್ಪು ಕೊಳೆಯಲ್ಲ, ಅದೇ ಅದರ ಕಸುಬು. ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಕೈಗೆ ಭಾರವೆನಿಸಿದರೂ ಸತುವು ಪೆಡಸು ಲೋಹ. ಎತ್ತರದಿಂದ ಬಿದ್ದರೆ ಒಡೆಯುತ್ತದೆ. ಕೊಳ್ಳುವಾಗ ಭೂತಗನ್ನಡಿಯಲ್ಲಿ ನೋಡಿ. ಕೂರಿಸಿದ ಬೆಳ್ಳಿಗೆ ಅಂಚು ಇರುತ್ತದೆ. ಕಪ್ಪು ಬಣ್ಣದ ಮೇಲೆ ಬಳಿದ ಬೆಳ್ಳಿಬಣ್ಣಕ್ಕೆ ಅಂಚೂ ಇಲ್ಲ, ಆಳವೂ ಇಲ್ಲ.

ಇನ್ನು ಎಲ್ಲಿಡುವುದು? ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ, ಮೂರು ವರ್ಷಕ್ಕೊಮ್ಮೆ ಮನೆ ಬದಲಾಗುತ್ತದೆ. ಹಾಗಾಗಿ ನಿಲ್ಲುವ ಒಂದು ತೆರೆದ ಕಪಾಟು ವಾಸಿ. ಭಾರದ ಹಂಡೆ, ಒರಳು ಕೆಳಗೆ. ಕಣ್ಣಿನ ಮಟ್ಟದಲ್ಲಿ ಹೆಸರು ಕೊರೆದ ಪಾತ್ರೆಗಳು, ಹೆಸರು ಮುಂದೆ ಕಾಣುವಂತೆ. ಬಿದರಿ, ಕೌದಿ, ಹಳೆಯ ಫೋಟೊಗಳು ಬಿಸಿಲು ನೇರ ಬೀಳದ ಜಾಗದಲ್ಲಿ. ಇಪ್ಪತ್ತು ವಸ್ತು ಒತ್ತಿ ತುಂಬಿದರೆ ಗುಜರಿ ಅಂಗಡಿಯಂತೆ ಕಾಣುತ್ತದೆ. ಐದಾರು ಮಾತ್ರ ಇಟ್ಟು ಹಬ್ಬಕ್ಕೊಮ್ಮೆ ಬದಲಿಸಿದರೆ ಮನೆಯವರ ಕಣ್ಣೂ ಹೊಸದಾಗುತ್ತದೆ. ಹಂಡೆಗೆ ತೂತು ಕೊರೆದು ಹೂಕುಂಡ ಮಾಡುವುದು, ತೊಟ್ಟಿಲಿಗೆ ಗಾಜು ಜಡಿದು ಟೀಪಾಯಿ ಮಾಡುವುದು ಈಗಿನ ಫ್ಯಾಷನ್ನು. ಬೇಡವೆನ್ನುವುದು ನನ್ನ ಅಭಿಪ್ರಾಯ. ಒಮ್ಮೆ ತೂತಾದ ಹಂಡೆಯಲ್ಲಿ ಮತ್ತೆ ನೀರು ನಿಲ್ಲುವುದಿಲ್ಲ. ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿ, ಚೌಕಾಬಾರದ ಮಣೆಯಲ್ಲಿ ಮಕ್ಕಳೊಂದಿಗೆ ಕವಡೆ ಹಾಕಿ, ಗಂಗಾಳದಲ್ಲಿ ಹಬ್ಬದ ಹೂವು ಇಡಿ. ಬಳಕೆಯಲ್ಲಿರುವ ವಸ್ತುವನ್ನು ಯಾರೂ ಗುಜರಿಗೆ ಹಾಕುವುದಿಲ್ಲ.

ಕೊಳ್ಳುವ ಆಸೆಯವರಿಗೆ ಹೈದರಾಬಾದಿನಲ್ಲಿ ಗುರುವಾರದ ಜುಮ್ಮೇರಾತ್ ಬಜಾರ್ ಇದೆ, ಚಾರ್‌ಮಿನಾರ್ ಹತ್ತಿರದ ಮುರ್ಗಿ ಚೌಕ್ ಇದೆ. ಅಲ್ಲಿ ನಿಜವಾದ ಹಳೆಯದರ ಪಕ್ಕದಲ್ಲೇ ಮಸಿ ಮೆತ್ತಿದ ಹೊಸದೂ ಕೂತಿರುತ್ತದೆ. ಹಿಡಿಕೆ, ಬುಡ, ಬಾಯಿ ಇವು ಕೈ ತಾಗಿ ತಾಗಿ ಸವೆದಿವೆಯೇ ನೋಡಿ. ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅನುಮಾನಿಸಿ. ಕಾನೂನನ್ನೂ ತಿಳಿದಿರಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾವಸ್ತುಗಳು. ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಿಗ್ರಹ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿಗಳಂಥ ಕೆಲವು ಬಗೆಗಳಿಗೆ ನೋಂದಣಿಯೂ ಬೇಕು. ದಂತದ ಬಾಚಣಿಗೆ, ಪಗಡೆ ಎಷ್ಟೇ ಹಳೆಯದಾದರೂ ಕೊಳ್ಳಬೇಡಿ. ವನ್ಯಜೀವಿ ಕಾಯ್ದೆಯಡಿ ಅದರ ವ್ಯಾಪಾರ ನಿಷಿದ್ಧ. ಯಾವ ದೇವಸ್ಥಾನದಿಂದ ಬಂತೋ ತಿಳಿಯದ ವಿಗ್ರಹವನ್ನಂತೂ ಮುಟ್ಟಲೇಬಾರದು.

ಕೊಂಡದ್ದಾಗಲಿ, ಬಂದದ್ದಾಗಲಿ, ಪ್ರತಿ ವಸ್ತುವಿಗೂ ಒಂದು ಚೀಟಿ ಬೇಕು. ಏನು, ಯಾರದು, ಯಾವ ಊರಿನದು, ಯಾವಾಗ ಬಂತು, ಯಾವುದಕ್ಕೆ ಬಳಸುತ್ತಿದ್ದರು. ಐದು ಸಾಲು ಸಾಕು. ಫೋನಿನಲ್ಲಿ ಫೋಟೊ ತೆಗೆದು ಅದರ ಕೆಳಗೂ ಬರೆದಿಡಿ. ಬಜಾರಿನಲ್ಲಿ ಕೊಂಡರೆ ಮಾರಿದವರಿಗೆ ಗೊತ್ತಿದ್ದಷ್ಟನ್ನು ಕೇಳಿ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ವಸ್ತುವನ್ನು ಅವರ ಕೈಗೆ ಕೊಟ್ಟು ಫೋನಿನ ರೆಕಾರ್ಡರ್ ಒತ್ತಿ. ‘ಅತ್ತೀ, ಇದರಾಗ ಏನ ಮಾಡ್ತಿದ್ರಿ?’ ಎಂದು ಕೇಳಿದರೆ ಸಾಕು. ಕೈಯಲ್ಲಿ ವಸ್ತು ಇದ್ದರೆ ಮಾತು ತಾನಾಗಿ ಬರುತ್ತದೆ. ಬರಗಾಲ, ರಜಾಕಾರರ ದಿನಗಳು, ತವರಿನ ಬಾಣಂತನ, ಯಾರಿಗೋ ಒತ್ತೆಯಿಟ್ಟು ಬಿಡಿಸಿಕೊಂಡ ಹಂಡೆ, ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಇದಕ್ಕೆ ಅವಸರವಿದೆ. ಸುಲ್ತಾನ್ ಬಜಾರ್, ಕಾಚಿಗುಡದ ಸುತ್ತಿನ ಹಳೆಯ ಮನೆಗಳು ಅಪಾರ್ಟ್‌ಮೆಂಟುಗಳಾಗುತ್ತಿವೆ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿದ್ದಾರೆ. ವಿಮಾನದ ಪೆಟ್ಟಿಗೆಯಲ್ಲಿ ಹಂಡೆ ಹಿಡಿಸುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ದಿನ ಚಿನ್ನ, ಜಾಗದ ಮಾತು ಗಂಟೆಗಟ್ಟಲೆ ನಡೆಯುತ್ತದೆ, ಪಾತ್ರೆಗಳ ಮಾತು ಎರಡೇ ನಿಮಿಷ. ಎಲ್ಲವನ್ನೂ ಉಳಿಸಲು ಆಗುವುದಿಲ್ಲ, ಉಳಿಸಬೇಕಾಗಿಯೂ ಇಲ್ಲ. ಮನೆಗೊಂದು, ಮಗುವಿಗೊಂದು ಎಂದು ಚೀಟಿ ಸಮೇತ ಹಂಚಬಹುದು. ಮಿಕ್ಕದ್ದನ್ನು ತೂಕಕ್ಕೆ ಹಾಕುವ ಮೊದಲು ರಾಮನಗರದ ಜಾನಪದ ಲೋಕದಂಥ, ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳನ್ನು ಕೇಳಿ ನೋಡಬಹುದು. ಹೊರನಾಡಿನ ಕನ್ನಡ ಸಂಘಗಳೂ ತಮ್ಮ ಸಭಾಂಗಣದ ಒಂದು ಮೂಲೆಯಲ್ಲಿ ಗಾಜಿನ ಕಪಾಟು ಇಡಬಹುದು. ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವ ಖರ್ಚಿನ ಒಂದು ಪಾಲು ಸಾಕು. ನವೆಂಬರಿನಲ್ಲಿ ಪ್ರತಿ ಮನೆಯಿಂದ ಒಂದು ವಸ್ತು, ಒಂದು ಚೀಟಿ ತರಲು ಹೇಳಿ. ಈ ಊರಿಗೆ ಕನ್ನಡಿಗರು ಯಾವಾಗ, ಯಾಕೆ, ಏನು ಹೊತ್ತು ಬಂದರು ಎಂಬುದು ಅಲ್ಲಿ ಮಕ್ಕಳಿಗೆ ಕಣ್ಣಾರೆ ಸಿಗುತ್ತದೆ.