ಗಾಡಿ ಚೆಂದ ಐತಿ, ನಡ ಯಾಕ ನೋಯ್ತೈತಿ? ಕ್ರೂಸರ್ ಬೈಕ್ ಮೈಗೆ ಹೊಂದಿಸಿಕೊಳ್ಳೋದು ಹೀಗೆ

ಯರಗೇರಾ: ರಾಯಚೂರು–ಮಂತ್ರಾಲಯ ರಸ್ತೆಯಲ್ಲಿ ಸ್ಪ್ಲೆಂಡರ್, ಶೈನ್‌ಗಳ ನಡುವೆ ತಗ್ಗು ಸೀಟು, ಅಗಲ ಹ್ಯಾಂಡಲ್‌ನ ಕ್ರೂಸರ್ ಗಾಡಿಗಳೂ ಈಗ ಕಣ್ಣಿಗೆ ಬೀಳುತ್ತವೆ. ಬಜಾಜ್ ಅವೆಂಜರ್, ರಾಯಲ್ ಎನ್‌ಫೀಲ್ಡ್ ಮೀಟಿಯೋರ್, ಎಲ್ಲೋ ಒಂದೊಂದು ಹಳೇ ಥಂಡರ್‌ಬರ್ಡ್. ಶೋರೂಂನಲ್ಲಿ ಹತ್ತು ನಿಮಿಷ ಕುಳಿತರೆ ಸೋಫಾದ ಮೇಲೆ ಕುಳಿತಂತೆ ಅನಿಸುವ ಗಾಡಿ ಇದು. ಆದರೆ ದಿನಾ ಅಂಗಡಿ ಮಾಲಿಗೆ ರಾಯಚೂರಿಗೆ ಹೋಗಿ ಬರುವವರಿಗೆ ಎರಡನೇ ತಿಂಗಳಿಗೇ ‘ನಡ ಹಿಡ್ಕೊಂಡೈತಿ’ ಎಂಬ ಮಾತು ಶುರುವಾಗುತ್ತದೆ. ಆಮೇಲೆ ಒಬ್ಬರು ಹೇಳಿದರು ಅಂತ ಸೀಟಿಗೆ ಎರಡು ಸಾವಿರ, ಇನ್ನೊಬ್ಬರು ಹೇಳಿದರು ಅಂತ ಹ್ಯಾಂಡಲ್‌ಗೆ ಮೂರು ಸಾವಿರ. ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಕಾರಣ ಗಾಡಿಯ ಕೂರುವ ಭಂಗಿಯಲ್ಲೇ ಇದೆ. ಕ್ರೂಸರ್ ಹುಟ್ಟಿದ್ದು ಅಮೆರಿಕದಲ್ಲಿ, ಮೈಲುಗಟ್ಟಲೆ ನೇರ ಇರುವ, ಹಂಪ್ ಇಲ್ಲದ ಹೆದ್ದಾರಿಗೆ. ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗೆ ಇಟ್ಟು, ಒಂದೇ ವೇಗದಲ್ಲಿ ತಾಸುಗಟ್ಟಲೆ ಹೋಗುವುದಕ್ಕೆ. ಸ್ಪ್ಲೆಂಡರ್‌ನಲ್ಲಾಗಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಬರುತ್ತಿದ್ದ ಯೆಜ್ಡಿಯಲ್ಲಾಗಲಿ ಫುಟ್‌ರೆಸ್ಟ್ ಸವಾರನ ಕೆಳಗೇ ಇರುತ್ತದೆ. ಹಂಪ್ ಬಂದಾಗ ಗೊತ್ತಿಲ್ಲದೇ ಕಾಲಿನ ಮೇಲೆ ಭಾರ ಹಾಕಿ ಸ್ವಲ್ಪ ಏಳುತ್ತೇವೆ. ಏಟಿನ ಒಂದು ಪಾಲನ್ನು ಮೊಣಕಾಲು ನುಂಗುತ್ತದೆ. ಕ್ರೂಸರ್‌ನಲ್ಲಿ ಕಾಲು ಮುಂದಿರುವುದರಿಂದ ಹಾಗೆ ಏಳುವುದು ಕಷ್ಟ. ಏಟು ಪೂರ್ತಿ ಸೀಟಿನಿಂದ ಬಾಲದ ಎಲುಬಿಗೆ, ಅಲ್ಲಿಂದ ನೇರ ಬೆನ್ನುಹುರಿಗೆ.

ಸೀಟು ತಗ್ಗಿರುವುದೂ ಒಂದು ಲೆಕ್ಕ. ಅವೆಂಜರ್ 220 ಕ್ರೂಸ್‌ನ ಸೀಟು ನೆಲದಿಂದ 737 ಮಿ.ಮೀ., ಮೀಟಿಯೋರ್ 350ರದ್ದು 765, ಸ್ಪ್ಲೆಂಡರ್ ಪ್ಲಸ್‌ದು 785. ಕುಳ್ಳಗಿನವರಿಗೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ, ಅದು ಒಳ್ಳೆಯದೇ. ಆದರೆ ಎತ್ತರದವರಿಗೆ ಮೊಣಕಾಲು ಮೇಲೆದ್ದು ತೊಡೆಗೆ ಸೀಟಿನ ಆಸರೆ ತಪ್ಪುತ್ತದೆ, ಭಾರವೆಲ್ಲ ಹಿಂದಿನ ಒಂದೇ ಜಾಗಕ್ಕೆ ಬೀಳುತ್ತದೆ. ಒಂದೇ ಗಾಡಿ ಅಣ್ಣನಿಗೆ ಆರಾಮ, ತಮ್ಮನಿಗೆ ನೋವು ಆಗುವುದು ಹೀಗೆ.

ಮೊದಲು ದುಡ್ಡಿಲ್ಲದ ಕೆಲಸ

ಜೇಬಿನಿಂದ ಶುರು ಮಾಡಬೇಕು, ಅಂದರೆ ಪ್ಯಾಂಟಿನ ಹಿಂದಿನ ಜೇಬಿನಿಂದ. ನೋಟು, ಚೀಟಿ, ಕಾರ್ಡು ತುಂಬಿದ ದಪ್ಪ ಪಾಕೀಟು ಇಟ್ಟುಕೊಂಡು ಕುಳಿತರೆ ಸೊಂಟ ಒಂದು ಕಡೆ ವಾಲುತ್ತದೆ, ಪೃಷ್ಠದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರದ ಮೇಲೆ ಒತ್ತಡ ಬೀಳುತ್ತದೆ. ವೈದ್ಯರು ಇದನ್ನು ಹಿಂದಿನಿಂದಲೂ ಗುರುತಿಸಿದ್ದಾರೆ. ವ್ಯಾಪಾರದವರಲ್ಲಿ ಈ ಅಭ್ಯಾಸ ಜಾಸ್ತಿ. ಪಾಕೀಟು ಮುಂದಿನ ಜೇಬಿಗೋ ಬ್ಯಾಗಿಗೋ ಹೋದರೆ ಎಷ್ಟೋ ಜನರಿಗೆ ಒಂದು ಕಡೆಯ ನೋವು ಅಲ್ಲಿಗೇ ಕಡಿಮೆಯಾಗುತ್ತದೆ.

ಎರಡನೆಯದು ಗಾಳಿ. ಪಂಕ್ಚರ್ ಅಂಗಡಿಯಲ್ಲಿ ‘ಮೂವತ್ತು ಹಾಕು’ ಅನ್ನುವುದು ರೂಢಿ. ಎಷ್ಟು ಬೇಕು ಎಂಬುದು ಗಾಡಿಯ ಪುಸ್ತಕದಲ್ಲೇ ಇದೆ, ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ. ಮೆತ್ತಗಾಗಲಿ ಅಂತ ಗಾಳಿ ಇಳಿಸುವುದು ಬೇಡ. ಗಾಳಿ ಕಡಿಮೆ ಇದ್ದ ಟೈರ್ ಹೆಚ್ಚು ಮಡಚಿ ಬಿಸಿಯಾಗುತ್ತದೆ, ನಮ್ಮ ಏಪ್ರಿಲ್–ಮೇ ಬಿಸಿಲಿನ ಡಾಂಬರು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಗಾಳಿ ನೋಡಿಸುವುದು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ. ಮಧ್ಯಾಹ್ನ ಮೀಟರ್ ಹೆಚ್ಚು ತೋರಿಸಿತು ಅಂತ ತೆಗೆಸಿದರೆ ಮರುದಿನ ಬೆಳಿಗ್ಗೆ ಟೈರ್ ಕುಗ್ಗಿರುತ್ತದೆ.

ಇನ್ನು ಹಿಂದಿನ ಶಾಕಪ್. ಹೆಚ್ಚಿನವರು ತಪ್ಪು ತಿಳಿಯುವುದು ಇದನ್ನೇ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನಂಥ ಹಲ್ಲುಗಳಿರುವ ಬಳೆ ಇರುತ್ತದೆ, ಮೀಟಿಯೋರ್‌ನಲ್ಲಿ ಆರು ಹಂತ. ಟೂಲ್ ಕಿಟ್‌ನ ಕೊಕ್ಕೆ ಪಾನಾದಿಂದ ಅದನ್ನು ತಿರುಗಿಸಬಹುದು. ‘ಕೆಳಗಿನ ಹಂತಕ್ಕೆ ಇಡು, ಮೆತ್ತಗಾಗ್ತೈತಿ’ ಎಂಬ ಸಲಹೆ ಒಬ್ಬರೇ ಹೋಗುವಾಗ ಸರಿ. ಹಿಂದೆ ಒಬ್ಬರು, ಜೊತೆಗೆ ಕಿರಾಣಿ ಚೀಲ ಇದ್ದಾಗ ಅದೇ ಹಂತದಲ್ಲಿ ಸ್ಪ್ರಿಂಗ್ ಮೊದಲೇ ಕುಗ್ಗಿ ಕುಳಿತಿರುತ್ತದೆ. ಹಂಪ್ ಬಂದಾಗ ಕುಗ್ಗಲು ಜಾಗವೇ ಇರುವುದಿಲ್ಲ. ಠಕ್ ಅಂತ ತಳ ಮುಟ್ಟಿದ ಏಟು ನೇರ ನಡಕ್ಕೆ. ಅಸಲಿಗೆ ಆ ಹಂತಗಳು ಸ್ಪ್ರಿಂಗನ್ನು ಗಟ್ಟಿಯೋ ಮೆತ್ತಗೋ ಮಾಡುವುದಿಲ್ಲ, ಭಾರಕ್ಕೆ ತಕ್ಕ ಎತ್ತರ ಕೊಡುತ್ತವೆ ಅಷ್ಟೇ. ಇಬ್ಬರು ಕುಳಿತಾಗ ಹಂಪ್‌ನಲ್ಲಿ ಠಕ್ ಅಂದರೆ ಒಂದು ಹಂತ ಏರಿಸಿ. ಒಬ್ಬರೇ ಇದ್ದಾಗ ಸೀಟಿನಿಂದ ಚಿಮ್ಮಿಸುತ್ತಿದ್ದರೆ ಒಂದು ಹಂತ ಇಳಿಸಿ. ಎರಡೂ ಕಡೆಯ ಶಾಕಪ್ ಒಂದೇ ಹಂತದಲ್ಲಿರಬೇಕು. ಎಣ್ಣೆ ಸೋರಿದ ಶಾಕಪ್‌ಗೆ ಯಾವ ಹಂತ ಇಟ್ಟರೂ ಪ್ರಯೋಜನವಿಲ್ಲ, ಅದನ್ನು ಬದಲಿಸಬೇಕು.

ಹ್ಯಾಂಡಲ್ ಕೋನವೂ ಪುಕ್ಕಟೆ ಕೆಲಸವೇ. ಕುಳಿತು, ಕಣ್ಣು ಮುಚ್ಚಿ, ಕೈ ಸಹಜವಾಗಿ ಮುಂದೆ ಚಾಚಿ. ಕೈ ಹೋಗಿ ನಿಂತಲ್ಲಿ ಗ್ರಿಪ್ ಇರಬೇಕು, ಮೊಣಕೈ ಸ್ವಲ್ಪ ಮಡಚಿರಬೇಕು. ಗ್ರಿಪ್ ದೂರ ಇದ್ದರೆ ಸವಾರ ಭುಜ ಮುಂದೆ ತಂದು ಗೂನು ಬೆನ್ನಾಗುತ್ತಾನೆ. ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ಒಂಚೂರು ತನ್ನ ಕಡೆ ತಿರುಗಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಕ್ಲಚ್, ಬ್ರೇಕ್ ಲಿವರ್ ಮೊಳಕೈ ಮತ್ತು ಮಣಿಕಟ್ಟಿನ ಗೆರೆಯಲ್ಲೇ ಇರಲಿ. ಲಿವರ್ ಮೇಲೆದ್ದಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಬೆರಳು ಜುಮು ಹಿಡಿಯುತ್ತವೆ. ಗೇರ್ ಮತ್ತು ಬ್ರೇಕ್ ಪೆಡಲ್ ಎತ್ತರವನ್ನೂ ನಿಮ್ಮ ಚಪ್ಪಲಿಗಲ್ಲ, ಶೂ ಹಾಕಿದ ಕಾಲಿಗೆ ಹೊಂದಿಸಿಕೊಳ್ಳಿ.

ಕೈ ಜುಮು ಹಿಡಿಯುವುದಕ್ಕೆ ಇನ್ನೊಂದು ಕಾರಣ ನಡುಕ. ಸಿಂಗಲ್ ಸಿಲಿಂಡರ್ ಎಂಜಿನ್ ಅಂದಮೇಲೆ ಸ್ವಲ್ಪ ನಡುಕ ಇರುವುದೇ. ಆದರೆ ಮೊದಲಿಲ್ಲದ ನಡುಕ ಈಗ ಬಂದಿದ್ದರೆ ಜೆಲ್ ಗ್ರಿಪ್ ಕೊಳ್ಳುವ ಮುಂಚೆ ಎಂಜಿನ್ ಬೋಲ್ಟ್, ಚೈನ್ ಸಡಿಲ, ಕೋನ್ ಸೆಟ್, ರಿಮ್ ಬೆಂಡ್ ನೋಡಿಸಿ.

ಸೀಟು: ಮೆತ್ತಗಿದ್ದರೆ ಆರಾಮಲ್ಲ

ಇಷ್ಟು ಮಾಡಿದ ಮೇಲೂ ಕುಂಡಿ ನೋವು ಹೋಗದಿದ್ದರೆ ಆಗ ಸೀಟಿನ ಅಂಗಡಿ. ಅಲ್ಲಿ ಬೆರಳಿನಿಂದ ಒತ್ತಿ ‘ಎಷ್ಟು ಮೆತ್ತಗೈತಿ ನೋಡಣ್ಣಾ’ ಅಂತ ತೋರಿಸುವ ಸ್ಪಂಜು ಮೋಸ ಮಾಡುತ್ತದೆ. ಮೆತ್ತನೆ ಸ್ಪಂಜು ಅರ್ಧ ತಾಸಿನಲ್ಲಿ ಚಪ್ಪಟೆಯಾಗಿ, ಕೆಳಗಿನ ಪ್ಲಾಸ್ಟಿಕ್ ತಳದ ಮೇಲೇ ಕುಳಿತಂತಾಗುತ್ತದೆ. ಕುಳಿತಾಗ ಮೈಭಾರ ಹೊರುವುದು ಪೃಷ್ಠದ ಒಳಗಿನ ಎರಡು ಎಲುಬು. ಅವುಗಳ ಕೆಳಗೆ ಗಟ್ಟಿ ಜಾತಿಯ ಫೋಮ್, ಅದರ ಮೇಲೆ ತೆಳ್ಳಗೆ ಮೆತ್ತನೆಯದು ಇರಬೇಕು. ಹಿಂಭಾಗ ಅಗಲ, ಟ್ಯಾಂಕ್ ಕಡೆ ಸಣ್ಣ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಬ್ರೇಕ್ ಹಾಕಿದಾಗಲೆಲ್ಲ ಟ್ಯಾಂಕಿಗೆ ಜಾರುತ್ತೀರಿ, ಆ ಇಳಿಜಾರು ಸಮ ಮಾಡಿಸುವುದು ಎಷ್ಟೋ ಸಲ ಹೊಸ ಫೋಮ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಂಗಡಿಯವರಿಗೆ ಒಂದು ಮಾತು ಮೊದಲೇ ಹೇಳಿ: ಕಂಪನಿ ಫೋಮ್ ಕೊಯ್ಯಬೇಡಿ. ಕೊಯ್ದ ಮೇಲೆ ವಾಪಸ್ ಬರುವುದಿಲ್ಲ. ಮೇಲೆ ಪದರ ಹಾಕಿಸಿ, ಹೊಲಿಗೆಯ ಕೆಳಗೆ ನೀರು ಇಳಿಯದಂತೆ ಪ್ಲಾಸ್ಟಿಕ್ ಹಾಳೆ ಹಾಕಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಫೋಮ್ ನೀರು ಕುಡಿದು ವಾರಗಟ್ಟಲೆ ಒದ್ದೆ ಇರುತ್ತದೆ. ಜೆಲ್ ಪ್ಯಾಡ್ ಬಗ್ಗೆ ಮೆಚ್ಚುಗೆ ಬಹಳ ಕೇಳಿಬರುತ್ತದೆ. ಆದರೆ ಬಿಸಿಲಿಗೆ ನಿಂತ ಜೆಲ್ ಕಾವು ಹಿಡಿದಿಟ್ಟುಕೊಳ್ಳುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಗಾಳಿಯಾಡುವ ಜಾಲರಿ ಕವರ್ ಅದಕ್ಕಿಂತ ವಾಸಿ, ಕಡಿಮೆ ಬೆಲೆಯದೂ ಹೌದು.

ಹಾಕಿಸುವ ಮುಂಚೆ ಯೋಚಿಸಬೇಕಾದವು

ಹ್ಯಾಂಡಲ್ ಎತ್ತರಿಸುವ ರೈಸರ್ ಕುಳ್ಳಗಿನವರಿಗೆ ನಿಜಕ್ಕೂ ಉಪಯೋಗ. ಆದರೆ ಹಾಕಿಸಿದ ಕೂಡಲೇ ಎಂಜಿನ್ ಚಾಲೂ ಇಟ್ಟು ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಬೇಕು. ಎಂಜಿನ್ ಸದ್ದು ತಾನೇ ಏರಿದರೆ ಎಕ್ಸಿಲೇಟರ್ ಕೇಬಲ್ ಬಿಗಿದಿದೆ ಎಂದು ಅರ್ಥ. ಬ್ರೇಕ್ ಪೈಪ್ ಎಳೆದಂತೆ ಕಂಡರೂ ಅಷ್ಟೇ, ರೈಸರ್ ಬಿಚ್ಚಿಸಿ.

ಲೆಗ್ ಗಾರ್ಡ್‌ಗೆ ಇನ್ನೊಂದು ಜೊತೆ ಫುಟ್‌ರೆಸ್ಟ್ ಹಾಕಿ ಕಾಲು ಪೂರ್ತಿ ಚಾಚಿ ಹೋಗುವುದು ಈಗಿನ ಹುಡುಗರ ಫ್ಯಾಷನ್. ಮಂತ್ರಾಲಯ ರಸ್ತೆಯಲ್ಲಿ ಕುರಿ ಹಿಂಡು, ಎತ್ತಿನ ಬಂಡಿ, ಎದುರಿಗೆ ಬಸ್ಸು ಯಾವಾಗ ಬರುತ್ತವೋ ಹೇಳಲಾಗದು. ಅಲ್ಲಿಂದ ಕಾಲು ಬ್ರೇಕ್ ಪೆಡಲ್‌ಗೆ ಬರುವಷ್ಟರಲ್ಲಿ 60ರ ವೇಗದ ಗಾಡಿ ಒಂದೇ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಮೊಣಕಾಲಿಗೆ ವಿಶ್ರಾಂತಿ ಬೇಕಿದ್ದರೆ ಗಾಡಿ ನಿಲ್ಲಿಸಿ ಇಳಿದು ನಾಲ್ಕು ಹೆಜ್ಜೆ ನಡೆಯುವುದೇ ಸರಿ. ಮುಕ್ಕಾಲು ತಾಸಿಗೊಮ್ಮೆ ಹಾಗೆ ಮಾಡಿದವರಿಗೆ ಯಾವ ಬ್ಯಾಕ್‌ರೆಸ್ಟೂ ಬೇಕಾಗುವುದಿಲ್ಲ.

ಹಿಂದೆ ಕೂರುವವರನ್ನು ಗಾಡಿ ಕೊಳ್ಳುವಾಗ ಯಾರೂ ಕೇಳುವುದಿಲ್ಲ. ಗುರುವಾರ ರಾಯರ ದರ್ಶನಕ್ಕೆ ಹೊರಟಾಗ ಗೊತ್ತಾಗುತ್ತದೆ. ಕ್ರೂಸರ್‌ನ ಹಿಂದಿನ ಸೀಟು ಸಣ್ಣದು, ಚಕ್ರದ ನೆತ್ತಿಯ ಮೇಲೇ ಇರುವುದರಿಂದ ಏಟು ಅವರಿಗೇ ಜಾಸ್ತಿ. ಅವರಿಗೆ ಬ್ಯಾಕ್‌ರೆಸ್ಟ್ ಒಳ್ಳೆಯ ಖರ್ಚು. ಅಂದ ಕೆಡುತ್ತದೆ ಅಂತ ಸೀರೆ ಗಾರ್ಡ್ ಬಿಚ್ಚಿಸುವವರಿದ್ದಾರೆ. ಹಿಂದಿನ ಚಕ್ರದ ಅರ್ಧಭಾಗ ಮುಚ್ಚುವ ರಕ್ಷಣೆ, ಹಿಡಿಕೆ, ಹಿಂದಿನ ಫುಟ್‌ರೆಸ್ಟ್ ಮೂರೂ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಕಡ್ಡಾಯ. ಸೆರಗು, ವೇಲ್ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಕಾನೂನಿನ ಮಾತು ಬಂದಿದ್ದರಿಂದ ಇದನ್ನೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಶಾಕಪ್ ಹಂತ, ಹ್ಯಾಂಡಲ್ ಕೋನ ಕಂಪನಿಯೇ ಕೊಟ್ಟ ಹೊಂದಾಣಿಕೆ. ಚಾಸಿ ಕೊಯ್ದು ಸೀಟು ಇಳಿಸುವುದು, ಫೋರ್ಕ್ ಉದ್ದ ಮಾಡಿಸುವುದು ಬೇರೆಯದೇ ಸಂಗತಿ. ರೈಸರ್, ಬ್ಯಾಕ್‌ರೆಸ್ಟ್, ಮುಂದಿನ ಗಾಜು ಬೇಕಿದ್ದರೆ ಗಾಡಿ ಕಂಪನಿಯದೇ ಕೊಂಡು ಬಿಲ್ ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಯಾವ ಸೀಟಿನಿಂದಲೂ ಹೋಗದ ನೋವೂ ಉಂಟು. ಸೊಂಟದಿಂದ ಒಂದೇ ಕಾಲಿಗೆ ಪಾದದವರೆಗೆ ಇಳಿಯುವ ಸೆಳೆತ, ಕಾಲು ಮರಗಟ್ಟುವುದು, ಪಾದ ಎತ್ತಲು ಬಲ ಸಾಲದಿರುವುದು ಕಂಡರೆ ಗಾಡಿ ಮನೆಯಲ್ಲಿ ಬಿಟ್ಟು ಎಲುಬಿನ ವೈದ್ಯರನ್ನು ಕಾಣಬೇಕು. ಮೂತ್ರದ ಹಿಡಿತ ತಪ್ಪಿದರೆ ಮರುದಿನದವರೆಗೂ ಕಾಯುವಂತಿಲ್ಲ, ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಅದೇ ದಿನ ಹೋಗಬೇಕು, ಅದೂ ಬೈಕ್ ಮೇಲಲ್ಲ.